ಹಾರಿಸ್ ಬಾಯಿ ಮುಚ್ಚಿಕೊಂಡ ವಾರ

ಗುಂಡ್ಲುಪೇಟೆಯ ಹಾಸಿಗೆ ಅಂಗಡಿ ಹಾರಿಸ್‌ನ ಹತ್ತಿರ ದಿಂಬಿನ ರೇಟು ಕೇಳಲು ಹೋದವರು, ಅವನ ಅಕ್ಕನ ನಾದಿನಿಗೆ ಹೆರಿಗೆ ಯಾವ ಆಸ್ಪತ್ರೆಯಲ್ಲಾಯಿತು, ಮಗುವಿಗೆ ಯಾರ ಮೂಗು ಬಂದಿದೆ, ಎಲ್ಲ ತಿಳಿದುಕೊಂಡು ವಾಪಸ್ ಬರುತ್ತಾರೆ. ದಿಂಬಿನ ರೇಟು ಮಾತ್ರ ಮರೆತಿರುತ್ತಾರೆ.

ನಾನು ಎಂಟನೇ ಕ್ಲಾಸಿನಿಂದ ಅವನ ಬೆಂಚಿನಲ್ಲೇ ಕೂತವನು. ಬೋರ್ಡಿನ ಮೇಲೆ ಬರೆಯುತ್ತಿದ್ದ ಮೇಷ್ಟ್ರು ಹಿಂದೆ ತಿರುಗದೆಯೇ "ಹಾರಿಸ್, ಎದ್ದು ನಿಂತ್ಕೊ" ಅನ್ನುತ್ತಿದ್ದರು. ಎದ್ದು ನಿಂತರೆ ಅವನಿಗೆ ಕಿಟಕಿ ಸಿಗುತ್ತಿತ್ತು. ರಸ್ತೆಯಲ್ಲಿ ಹೋಗುವವರನ್ನು ಮಾತಾಡಿಸುತ್ತಿದ್ದ. ಈಗ ನಾನು ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಅವನು ಅವರಪ್ಪನ ಅಂಗಡಿಯಲ್ಲಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಾನೆ. ಹತ್ತಿಯ ಧೂಳು ಒಳಗೆ ಹೋಗದಿರಲಿ ಅಂತ ಆ ಕೆಲಸದವರೆಲ್ಲ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಹಾರಿಸ್‌ನ ಬಟ್ಟೆ ಯಾವಾಗಲೂ ಗಲ್ಲದ ಕೆಳಗೆ.

ಅವನ ಮಾತು ನನಗೆ ಅಭ್ಯಾಸವಾಗಿತ್ತು. ಆದರೆ ಹೋದ ವರ್ಷ ನನಗೊಂದು ಹೆಣ್ಣು ನೋಡಲು ಬೇಗೂರಿಗೆ ಹೋದಾಗ ಇವನೂ ಜೊತೆಗೆ ಬಂದ. ಹುಡುಗಿಯ ಅಪ್ಪ ಲೋಕಾಭಿರಾಮವಾಗಿ "ಹುಡುಗ ಹೆಂಗೆ?" ಅಂದರು. ಇವನು ಖಾರದ ಅವಲಕ್ಕಿ ಅಗಿಯುತ್ತಲೇ ಶುರು ಮಾಡಿದ.

"ಚಿನ್ನದಂತವನು ಸಾರ್. ನಿದ್ದೇಲಿ ಎದ್ದು ಓಡಾಡ್ತಾನೆ ಅನ್ನೋದು ಒಂದು ಬುಟ್ರೆ ಏನೂ ಇಲ್ಲ. ಅದೂ ದೂರ ಓಗಲ್ಲ ಸಾರ್, ಹಟ್ಟಿ ಬಾಗ್ಲ ತಂಕ ಅಷ್ಟೇಯ."

ಆ ಸಂಬಂಧವೂ ಬಾಗಿಲ ತನಕ ಬಂದು ಅಲ್ಲೇ ನಿಂತಿತು.

ಆಮೇಲೆ ಈ ವರ್ಷ ಚಾಮರಾಜನಗರದ ಹತ್ತಿರದ ಹರದನಹಳ್ಳಿಯಲ್ಲಿ ನೀಲಾವತಿಯನ್ನು ನೋಡಿದೆವು. ಊರಿನ ಹಾಲಿನ ಡೈರಿಯಲ್ಲಿ ಕೆಲಸ. ಅಪ್ಪ ಇಲ್ಲ, ಮನೆಯ ಯಜಮಾನಿಕೆ ಸೋದರಮಾವ ಮುದ್ದಯ್ಯನವರದ್ದು. ಈ ಸಲ ನಾನು, ನಮ್ಮವ್ವ ಮೂಗಮ್ಮ, ಇಬ್ಬರೇ ಹೋಗಿದ್ದೆವು. ಕಾಫಿ ಕೊಟ್ಟು ಒಳಗೆ ಹೋಗಬೇಕಾದ ಹುಡುಗಿ ಕಂಬಕ್ಕೊರಗಿ ನಿಂತು ಕೇಳಿದಳು.

"ಕರೆಂಟ್ ಕಂಬ ಹತ್ತಿದಾಗ ಮೇಲಿಂದ ಊರು ಹೆಂಗೆ ಕಾಣುತ್ತೆ?"

ಸಂಬಳ ಎಷ್ಟು, ಕೆಲಸ ಪರ್ಮನೆಂಟಾ ಅಂತ ಕೇಳಿದವರುಂಟು. ಇದನ್ನು ಯಾರೂ ಕೇಳಿರಲಿಲ್ಲ. ನಾನು "ಚೆನ್ನಾಗಿ ಕಾಣುತ್ತೆ" ಅಂದೆ. ಅಷ್ಟೇ. ಅವಳು ನಕ್ಕು ಒಳಗೆ ಹೋದಳು. ಬೈಕಿನಲ್ಲಿ ವಾಪಸ್ ಬರುವಾಗ ದಾರಿಯುದ್ದಕ್ಕೂ ಆ ಪ್ರಶ್ನೆಗೆ ಉತ್ತರ ಹೇಳಿಕೊಳ್ಳುತ್ತಾ ಬಂದೆ. ತೆರಕಣಾಂಬಿ ದಾಟುವ ಹೊತ್ತಿಗೆ ನನಗೆ ಗೊತ್ತಾಗಿಹೋಗಿತ್ತು, ಆದರೆ ಇದೇ ಹುಡುಗಿ, ಇಲ್ಲದಿದ್ದರೆ ಬೇಡ ಅಂತ.

ನಮ್ಮ ಕಡೆ ಹೆಣ್ಣು ನೋಡಿದ ಮೇಲೆ, ಅವರು ನಮ್ಮ ಮನೆ ನೋಡಲು ಬರುವುದಕ್ಕೆ ಮುಂಚೆ, ಒಂದು ಕೆಲಸ ನಡೆಯುತ್ತದೆ. ಯಾರಿಗೂ ಹೇಳದೆ ಹುಡುಗನ ಊರಿಗೆ ಒಬ್ಬರು ಬಂದು ಟೀ ಅಂಗಡಿ, ಕಟಿಂಗ್ ಶಾಪು ಅಂತ ಸುತ್ತಿ ವಿಚಾರಿಸಿಕೊಂಡು ಹೋಗುತ್ತಾರೆ. ಗುಂಡ್ಲುಪೇಟೆಯಲ್ಲಿ ನನ್ನ ವಿಷಯ ಯಾರನ್ನೇ ಕೇಳಲಿ, ಕೈ ತೋರಿಸುವುದು ಹಾಸಿಗೆ ಅಂಗಡಿ ಕಡೆಗೇ. ಹಾಗಾಗಿ ಮಾರನೇ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮೊದಲು ಅಲ್ಲಿಗೆ ಹೋದೆ.

"ಹಾರಿಸ್, ನಿನ್ನ ಕಾಲಿಗೆ ಬೀಳ್ತೀನಿ ಕಣ್ಲಾ. ಅವರ ಕಡೆಯೋರು ಬತ್ತಾರೆ. ನನ್ನ ವಿಷಯ ಒಂದಕ್ಷರ ಬಾಯಿ ಬುಡಬೇಡ."

"ಒಳ್ಳೇದೂ ಏಳಬಾರ್ದಾ?"

"ನಿನ್ನ ಒಳ್ಳೇದೇ ನಂಗೆ ಭಯ. ಆಣೆ ಇಡು."

ಅವನಿಗೆ ಬೇಜಾರಾಯಿತು. ಕೈಯಲ್ಲಿದ್ದ ದಬ್ಬಳವನ್ನು ಹಾಸಿಗೆಗೆ ಚುಚ್ಚಿ ನಿಲ್ಲಿಸಿ, "ಅಮ್ಮಿ ಕಸಂ. ಆಯ್ತೇನ್ಲಾ? ನೀನಾಗೇ ಬಂದು ಮಾತಾಡಪ್ಪಾ ಅಂದ್ರೂ ಮಾತಾಡಲ್ಲ, ಓಗು" ಅಂದ. ಗಲ್ಲದ ಕೆಳಗಿದ್ದ ಬಟ್ಟೆಯನ್ನು ಎಳೆದು ಬಾಯಿಗೆ ಕಟ್ಟಿಕೊಂಡ. ನಾನು ಹಗುರಾಗಿ ಕೆಲಸಕ್ಕೆ ಹೋದೆ.

ಆ ವಾರ ಮುಗಿಯುವ ಮುಂಚೆ ಮುದ್ದಯ್ಯನವರ ಫೋನು ಬಂತು. ಅವ್ವ ಫೋನನ್ನು ಕಿವಿಗಿಟ್ಟುಕೊಂಡು "ಊ... ಊ..." ಅಂದು ಕೆಳಗಿಟ್ಟಳು.

"ಜಾತ್ಕ ಕೂಡಿಬರನಿಲ್ವಂತೆ ಕಣಪ್ಪ."

"ನಾವು ಜಾತಕನೇ ಕೊಟ್ಟಿಲ್ವಲ್ಲವ್ವ!"

"ಅದೇ ನಾನೂ ಯೋಚ್ನೆ ಮಾಡ್ತಾ ಇವ್ನಿ. ಕೊಡ್ದೇ ಇರೋದು ಎಂಗೆ ಕೂಡದೇ ಓಯ್ತು?"

ಊಟ ಸೇರಲಿಲ್ಲ. ಯಾವುದೋ ತೋಟದಲ್ಲಿ ಫ್ಯೂಸು ಹಾಕುತ್ತಾ, ನಾನು ಮಾಡಿದ ತಪ್ಪೇನು ಅಂತ ಲೆಕ್ಕ ಹಾಕುತ್ತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಕಾಲ್ ಬಂತು.

"ನಾನು ನೀಲಾವತಿ. ನಂಬರು ನಿಮ್ಮವ್ವ ಕೊಟ್ರು. ಒಂದು ಕೇಳ್ತೀನಿ, ನಿಜ ಹೇಳಿ. ಕೇರಳದಲ್ಲಿ ನಿಮಗೆ ಇನ್ನೊಂದು ಸಂಸಾರ ಇದೆಯಾ?"

ಪುಣ್ಯಕ್ಕೆ ನಾನು ಕಂಬದ ಮೇಲಿರಲಿಲ್ಲ.

ಅವಳು ಹೇಳಿದ ಪ್ರಕಾರ ಆಗಿದ್ದು ಇಷ್ಟು. ಮುದ್ದಯ್ಯನವರು ಗುಂಡ್ಲುಪೇಟೆಗೆ ಬಂದು ಟೀ ಅಂಗಡಿಯಲ್ಲಿ ವಿಚಾರಿಸಿದ್ದಾರೆ. ಅಲ್ಲಿದ್ದವರು "ಲೈನ್‌ಮನ್ ನಿಂಗರಾಜು ವಿಷ್ಯನಾ? ಹಾಸಿಗೆ ಅಂಗಡಿಗೆ ಓಗಿ ಸ್ವಾಮಿ, ಅಲ್ಲೊಬ್ಬ ಅವ್ನೆ, ಕೇಳ್ದೇ ಇದ್ರೂ ಏಳ್ತಾನೆ" ಅಂದಿದ್ದಾರೆ. ಇವರು ದಿಂಬು ನೋಡುವ ನೆಪದಲ್ಲಿ ಒಳಗೆ ಹೋಗಿದ್ದಾರೆ. ನನ್ನ ಹೆಸರು ಎತ್ತಿದ್ದೇ ತಡ, ಹಾರಿಸ್ ಬಾಯಿಯ ಬಟ್ಟೆಯನ್ನು ಇನ್ನೂ ಬಿಗಿಯಾಗಿ ಕಟ್ಟಿಕೊಂಡು ಗೋಡೆ ಕಡೆ ತಿರುಗಿದ್ದಾನೆ. ಹುಡುಗ ಕುಡಿಯುತ್ತಾನಾ ಅಂದರೆ ತಲೆ ಬಗ್ಗಿಸಿದ್ದಾನೆ. ಮನೆ ಕಡೆ ಹೇಗೆ ಅಂದರೆ ಎರಡೂ ಕೈ ಮುಗಿದಿದ್ದಾನೆ. ಮುದ್ದಯ್ಯನವರು ಟೀ ಅಂಗಡಿಗೆ ವಾಪಸ್ ಬಂದು ಹೇಳಿದಾಗ ಅಲ್ಲಿದ್ದವರೇ ಬೆಚ್ಚಿಬಿದ್ದರಂತೆ. "ಹಾರಿಸ್ ಮಾತಾಡಲಿಲ್ವಾ? ಹಂಗಾರೆ ಏನೋ ಭಾರೀದೇ ಇರಬೇಕು." ವಾರಕ್ಕೊಂದು ಸಲ ಡ್ಯೂಟಿ ಮೇಲೆ ಕೇರಳದ ದಾರಿಯ ಕಾಡಂಚಿನ ಮದ್ದೂರು ಕಡೆ ಹೋಗುತ್ತಾನೆ, ಅಲ್ಲಿಂದ ಕೇರಳ ಎಷ್ಟು ದೂರ ಅಂತ ಒಬ್ಬ ಅಂದನಂತೆ. ಸಂಸಾರ ಕಟ್ಟಿಕೊಡಲು ಅಷ್ಟು ಸಾಕಾಯಿತು.

"ಹಂಗೇನಿಲ್ಲ ರೀ" ಅಂದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

"ನಂಗೂ ಹಂಗೇ ಅನ್ನಿಸ್ತು. ಆದ್ರೆ ನಮ್ಮ ಮಾವನ್ನ ನಾನು ಒಪ್ಪಿಸೋಕಾಗಲ್ಲ. ಭಾನುವಾರ ಬನ್ನಿ. ಆ ಬಟ್ಟೆ ಕಟ್ಕೊಂಡಿದ್ರಲ್ಲ, ಅವರನ್ನೂ ಕರ್ಕೊಂಡು ಬನ್ನಿ. ಮಾವ ಅವರ ಬಾಯಿಂದಲೇ ಕೇಳಬೇಕಂತೆ."

ಸೀದಾ ಹಾರಿಸ್‌ನ ಮನೆಗೆ ಹೋದೆ. ವಿಷಯವೆಲ್ಲ ಹೇಳಿ, "ಮಾತಾಡಪ್ಪಾ" ಅಂದೆ. ಅವನು ತಲೆ ಅಲ್ಲಾಡಿಸಿದ. ನನ್ನ ವಿಷಯ ಮಾತಾಡುವಂತಿಲ್ಲ, ತಾಯಿ ಮೇಲೆ ಆಣೆ. ಎಷ್ಟು ಬೇಡಿಕೊಂಡರೂ ಬೆರಳಿನಿಂದ ಒಳಗಡೆ ತೋರಿಸಿದ. ಒಳಗಿಂದ ಅವರಮ್ಮ ಅಕ್ತರ್ ಬೀ ಕೈ ಒರೆಸಿಕೊಳ್ಳುತ್ತಾ ಬಂದರು.

"ಅಮ್ಮಿ, ಆಣೆ ನಿಮ್ಮ ಮೇಲೆ ಇಟ್ಟವ್ನೆ. ನೀವೇ ಬುಡಿಸಬೇಕು."

"ಬುಡಿಸಬೇಕಾ?" ಅಕ್ತರ್ ಬೀ ನಿಟ್ಟುಸಿರು ಬಿಟ್ಟರು. "ಬೇಟಾ, ಈ ಮನೆಗೆ ಸೊಸೆಯಾಗಿ ಬಂದಾಗಿಂದ ಇಂಥ ಶಾಂತಿ ನಾ ನೋಡಿಲ್ಲ. ನಿನ್ನ ವಿಷಯ ಮಾತಾಡಂಗಿಲ್ಲ ಅಂದ್ರೆ ಇವನಿಗೆ ಬೇರೆ ಮಾತೇ ಇಲ್ಲ ಅಂತ ಈಗ ಗೊತ್ತಾಯ್ತು. ಇನ್ನೊಂದು ವಾರ ಇರ್ಲಿ ಬುಡಪ್ಪ."

"ಅಮ್ಮಿ, ನನ್ನ ಮದ್ವೆ!"

ಅವರು ನಕ್ಕು, ಮಗನ ತಲೆ ಮೇಲೆ ಕೈಯಿಟ್ಟು ಬಾಯಲ್ಲೇ ಏನೋ ಹೇಳಿಕೊಂಡರು. "ಹೋಗು, ಬುಟ್ಟೆ. ಬೊಗಳು."

ಹಾರಿಸ್ ಉಸಿರು ತೆಗೆದುಕೊಂಡ. ಮೋರಿಗೆ ಅಡ್ಡ ಇಟ್ಟಿದ್ದ ಕಲ್ಲು ತೆಗೆದಂತಾಯಿತು. "ಲೋ, ಆ ಮನುಷ್ಯ ಬಂದು ದಿಂಬು ಹಿಸುಕಿದಾಗ್ಲೇ ನಂಗೆ ಗೊತ್ತಾಯ್ತು ಕಣ್ಲಾ, ದಿಂಬು ತಗೊಳೋರು ಹಂಗೆ ಹಿಸುಕಲ್ಲ..."

ಭಾನುವಾರ ಬೈಕಿನಲ್ಲಿ ಹೊರಟೆವು. ಚಾಮರಾಜನಗರ ದಾಟಿದ ಮೇಲೆ ಬೈಕ್ ನಿಲ್ಲಿಸಿ ಹೇಳಿದೆ. "ಎಲ್ಲಾ ಹೇಳು. ಆ ಮದ್ದೂರಿನ ಕಂಬದ ವಿಷಯ ಒಂದು ಬುಟ್ಟು."

"ಅದೇ ಚೆನ್ನಾಗಿರೋದು ಕಣ್ಲಾ!"

"ಅದೊಂದು ಬೇಡ."

ಹರದನಹಳ್ಳಿಯ ಮನೆಯಲ್ಲಿ ಮುದ್ದಯ್ಯನವರು ಕೋರ್ಟಿನ ಜಡ್ಜ್ ಥರ ಗೋಡೆಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನೀಲಾವತಿ ಅದೇ ಕಂಬಕ್ಕೊರಗಿ ನಿಂತಿದ್ದಳು.

"ಈಗ ಬಾಯಿ ಬಂದಿದೆಯೇನಪ್ಪಾ?" ಅಂದರು ಮುದ್ದಯ್ಯ.

"ಬಂದದೆ ಸಾರ್. ಮೊದ್ಲು ನಿಮ್ಮ ದಿಂಬಿನ ವಿಷಯ. ನೀವು ಹಿಸುಕಿದ್ದು ನೈಲಾನ್ ಹತ್ತಿದು, ಅದು ಬ್ಯಾಡ, ಕತ್ತು ನೋವು ಬತ್ತದೆ. ಬೂರುಗದ ಹತ್ತೀದು ನಾನು ಮಾಡ್ಕೊಡ್ತೀನಿ."

"ಹುಡುಗನ ವಿಷಯ ಹೇಳು. ಕುಡೀತಾನಾ?"

"ಒಂದೇ ಒಂದು ಸಲ ಸಾರ್. ಯಾರದೋ ಮದುವೆಗೆ ಹೊಲಿದಿಟ್ಟಿದ್ದ ಹೊಸ ಹಾಸಿಗೆ ಮೇಲೆ ಕಕ್ಕಿಬುಟ್ಟ. ಅವತ್ತಿಂದ ವಾಸ್ನೆ ಕಂಡ್ರೂ ಓಡ್ತಾನೆ. ನಿದ್ದೇಲಿ ಓಡಾಡೋದು ಉಂಟು, ಬಾಗ್ಲಿಗೆ ಚಿಲ್ಕ ಹಾಕಿದ್ರೆ ಆಯ್ತು. ಅಡಿಗೆ ಬರಲ್ಲ. ಅವ್ವನ ಕಂಡ್ರೆ ಪ್ರಾಣ. ಹತ್ತನೇ ಕ್ಲಾಸಲ್ಲಿ ನನ್ನ ಮಾತಿಂದ ಇವನು ಏಟು ತಿಂದ, ಒಂದು ಸಲಾನೂ ನನ್ನ ಹೆಸರು ಹೇಳ್ನಿಲ್ಲ."

"ಕೇರಳ?"

"ಅಯ್ಯೋ ಸಾರ್, ನಮ್ಮ ಅಂಗಡಿಗೆ ಮಲಯಾಳಿಗಳು ಬಂದ್ರೆ ಇವನು 'ಎಂದಾ' ಅಂತ, ಏನು ಅಂತ ಕೇಳಿ ಹೊರಗೆ ಹೋಗ್ತಾನೆ. ಅದರ ಮುಂದಿನ ಮಾತು ಇವನಿಗೆ ಗೊತ್ತಿಲ್ಲ. ಸಂಸಾರ ಮಾಡೋದೆಲ್ಲಿ? ಮದ್ದೂರಿಗೆ ಹೋಗೋದು ಡ್ಯೂಟಿಗೆ. ಅಲ್ಲಿ ಒಂದು ದಿನ ಕಂಬದ ಮೇಲೆ..."

ಗಪ್ಪನೆ ನಿಲ್ಲಿಸಿದ. ಬಾಯಿ ತೆರೆದೇ ಇತ್ತು. ನನ್ನ ಮುಖ ನೋಡಿದ. ಕೈ ತಾನಾಗಿಯೇ ಕತ್ತಿನ ಹತ್ತಿರ ಹೋಗಿ, ಇಲ್ಲದ ಬಟ್ಟೆಯನ್ನು ಹುಡುಕಿತು.

"ಕಂಬದ ಮೇಲೆ ಏನು?" ಮುದ್ದಯ್ಯನವರು ಕುರ್ಚಿಯಲ್ಲಿ ಮುಂದೆ ಬಂದರು. "ನೋಡವ್ವ, ನಾ ಹೇಳ್ನಿಲ್ವಾ? ಏನೋ ಇದೆ."

ನೀಲಾವತಿಯ ಮುಖದಲ್ಲಿ ನಗು ಹೋಯಿತು. ಅವಳು ನೋಡಿದ್ದು ಹಾರಿಸ್‌ನನ್ನಲ್ಲ, ನನ್ನನ್ನು. ಇನ್ನು ಇವನ ಬಾಯಿ ಮುಚ್ಚಿಸಿ ಪ್ರಯೋಜನವಿರಲಿಲ್ಲ. ತೆರೆಯಬೇಕಾದ್ದು ನನ್ನದು.

"ನಾನೇ ಹೇಳ್ತೀನಿ" ಅಂದೆ.

ಹೇಳಿದೆ. ಮದ್ದೂರಿನ ಹತ್ತಿರ ಕಾಡಿನಂಚಿನ ಹೊಲದಲ್ಲಿ ಲೈನ್ ಆಫ್ ಮಾಡಿಸಿ ಕಂಬ ಹತ್ತಿದ್ದು. ಜೊತೆಯವನು ವೈರು ತರಲು ಬೈಕಿನಲ್ಲಿ ಹೋಗಿದ್ದು. ಆಗ ಒಂದು ಆನೆ ಬಂದು ನಾನಿದ್ದ ಕಂಬಕ್ಕೇ ಬೆನ್ನು ಉಜ್ಜಲು ಶುರು ಮಾಡಿದ್ದು. ಕಂಬ ಅಲ್ಲಾಡುತ್ತಿತ್ತು. ಕೈ ಸೋಲುತ್ತಿತ್ತು. ಬಿಟ್ಟುಬಿಡೋಣ ಅನ್ನಿಸುವ ಹೊತ್ತಿಗೆ ಜೇಬಿನಲ್ಲಿ ಫೋನು ನಡುಗಿತು. ಹಾರಿಸ್, ಸುಮ್ಮನೆ, ಮಾತಾಡಲು. ಆನೆಯ ವಿಷಯ ಪಿಸುಗುಟ್ಟಿದೆ. ಅವನು "ಜಗ್ಗಬೇಡ. ನೀನು ಮಾತಾಡಬೇಡ, ನಾನು ಮಾತಾಡ್ತೀನಿ" ಅಂದ. ಬೇರೆಯವರ ಫೋನಿನಿಂದ ಫಾರೆಸ್ಟಿನವರಿಗೆ ಹೇಳಿಸಿ, ಅವರು ಬಂದು ಆನೆ ಓಡಿಸುವ ತನಕ ನನ್ನ ಕಿವಿಯಲ್ಲಿ ಅವನ ಮಾತು ನಿಲ್ಲಲೇ ಇಲ್ಲ.

"ಇದನ್ನ ಯಾಕೆ ಮುಚ್ಚಿಟ್ರಿ? ನಾಚ್ಕೆ ಪಡೋದು ಇದರಲ್ಲೇನಿದೆ?" ಅಂದಳು ನೀಲಾವತಿ.

ನಾನು ನೆಲ ನೋಡಿದೆ. "ಪ್ಯಾಂಟು ಒದ್ದೆಯಾಗಿತ್ತು."

ಮುದ್ದಯ್ಯನವರ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ಭುಜ, ಆಮೇಲೆ ಕುರ್ಚಿ. "ಇಷ್ಟಕ್ಕೆ ನಾನು ಮದ್ವೆ ಮುರೀತಿದ್ನಲ್ಲಪ್ಪಾ! ಲೋ, ನಾನು ಪುಣಜನೂರು ಕಾಡಲ್ಲಿ ಹಂದಿ ನೋಡೇ ಹಂಗೆ ಮಾಡ್ಕೊಂಡಿವ್ನಿ!" ನೀಲಾವತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕಣ್ಣಲ್ಲಿ ನೀರು ಬಂದಿತ್ತು.

"ಅಷ್ಟೊತ್ತು ಫೋನಲ್ಲಿ ಏನು ಮಾತಾಡಿದ್ರಿ?" ಅಂತ ಹಾರಿಸ್‌ನನ್ನು ಕೇಳಿದಳು.

"ಹಾಸಿಗೆ ಮಾಡೋದು ಹೆಂಗೆ ಅಂತ ಕಣಕ್ಕ. ಕಾಯಿ ಒಡೆಯೋದರಿಂದ ಹಿಡಿದು. ಸಾರ್, ನೀವೂ ಕೇಳಿ, ಬೂರುಗದ ಕಾಯಿನ ಮೊದ್ಲು ಬಿಸಿಲಿಗೆ ಹಾಕಬೇಕು..."

ಮುದ್ದಯ್ಯನವರು ಏಳಲು ನೋಡಿದರು. ಹಾರಿಸ್ ಅವರ ಮಂಡಿಯ ಮೇಲೆ ಕೈಯಿಟ್ಟು ಕೂರಿಸಿದ. ಮುಂದಿನ ವಾರ ಮನೆ ನೋಡಲು ಬರುತ್ತೇವೆ ಅನ್ನುವ ಮಾತನ್ನು ಅವರು ಅವನ ಮಾತಿನ ಸಂದಿಯಲ್ಲಿ ತೂರಿಸಿ ಹೇಳಬೇಕಾಯಿತು. ಒಳಗಿದ್ದ ಹೆಂಗಸರೂ ಒಬ್ಬೊಬ್ಬರಾಗಿ ಬಂದು ಅವನ ಸುತ್ತ ಕೂತರು. ನಮ್ಮ ಕಡೆ ಯಾರ ಗಮನವೂ ಇರಲಿಲ್ಲ.

ನೀಲಾವತಿ ಕಣ್ಣಲ್ಲೇ ಕರೆದು ಜಗುಲಿಗೆ ಹೋದಳು. ಹಿಂದೆಯೇ ಹೋದೆ. ಒಳಗೆ ಹಾರಿಸ್‌ನ ಮಾತಿನಲ್ಲಿ ಹತ್ತಿ ಇನ್ನೂ ಬಿಸಿಲಿನಲ್ಲೇ ಒಣಗುತ್ತಿತ್ತು. ಹಿಂಜಿ, ತುಂಬಿ, ಹೊಲಿಯುವುದಕ್ಕೆ ಬೇಕಾದಷ್ಟು ಹೊತ್ತಿತ್ತು.

"ನಾನು ಕೇಳಿದ್ದಕ್ಕೆ ನೀವು ಇನ್ನೂ ಉತ್ತರ ಹೇಳಿಲ್ಲ" ಅಂದಳು.

"ಯಾವುದು?" ಅಂದೆ, ಗೊತ್ತಿದ್ದೂ.

"ಮೇಲಿಂದ ಹೆಂಗೆ ಕಾಣುತ್ತೆ?"

"ಚೆಂಡುಹೂವಿನ ಕಾಲದಲ್ಲಿ ನಮ್ಮೂರ ಕಡೆ ಬರಬೇಕು ನೀವು" ಅಂತ ಶುರು ಮಾಡಿದೆ. "ರೋಡ್ ಪಕ್ಕ ಹೊಲ ಎಲ್ಲಾ ಹಳದಿ. ಕೇರಳದ ಕಾರು ಸಾಲಾಗಿ ನಿಂತಿರ್ತವೆ, ಎಲ್ಲರೂ ಹೂವಿನ ಮಧ್ಯ ಫೋಟೋ ತೆಗೀತಿರ್ತಾರೆ. ಒಬ್ಬರೂ ತಲೆ ಎತ್ತಿ ಮೇಲೆ ನೋಡಲ್ಲ. ಹಿಂದಿನ ಹಟ್ಟಿಗಳ ತಾರಸಿ ಮೇಲೆ ಯಾರದೋ ಹಪ್ಪಳ, ಯಾರದೋ ಮೆಣಸಿನಕಾಯಿ, ಹಾರಿಸ್‌ನ ಅಂಗಡಿ ಮೇಲೆ ಹತ್ತಿ..."

ಅವಳು ಜಗುಲಿಯ ಮೇಲೆ ಕೂತಳು. ನಾನೂ ಕೂತೆ. ಮಾತು ಇನ್ನೂ ಬಹಳ ಇತ್ತು.