ಅಟ್ಟಿಯ ಹೊಟ್ಟೆ

“ಬಾಗಿಲು ತೆಗಿಯೇ, ಹಡಬೆ! ಧಣಿ ಸೌದೇಲಿ ಅಂಡು ಕಾಯಿಸ್ತಾ ಕೂತಿದ್ದೀಯಾ?”

ಮೇಸ್ತ್ರಿಯ ಬೂಟು ಬಾಗಿಲಿಗೆ ಬಿದ್ದಾಗ ಅಟ್ಟಿಯಕ್ಕ ಒಲೆಗೆ ಹಸಿ ಸೊಪ್ಪು ತುರುಕುತ್ತಿದ್ದಳು. ಇನ್ನೊಂದು ಹಿಡಿ ತುರುಕಿ, ಹೊಗೆ ಕಣ್ಣಿಗೆ ಅಡರುವವರೆಗೆ ತಡೆದು, ಆಮೇಲೆ ಎದ್ದು ಅಗುಳಿ ಸರಿಸಿದಳು. ಕೋಣೆಯ ಹೊಗೆಯೆಲ್ಲ ಅವನ ಮುಖಕ್ಕೆ ಹೊಡೆಯಿತು. ಅವನು ಕೆಮ್ಮಿ, ಹೊಸ್ತಿಲ ಮೇಲೆ ಉಗುಳಿ, ಕೈಯಲ್ಲಿದ್ದ ಕಬ್ಬಿಣದ ಸಲಾಕೆಯಿಂದ ಒಲೆಯ ಬಾಯಿ ಕೆದಕಿದ. ಕೆಂಡ, ಬೂದಿ, ಅರೆಬೆಂದ ಎಲೆ ಎಲ್ಲ ನೆಲಕ್ಕೆ ಚೆಲ್ಲಿದವು. ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದ ಅತ್ತೆ ಕಾಲು ಎಳೆದುಕೊಂಡಳು.

“ಏನು ಹುಡುಕ್ತೀಯೋ? ನನ್ನ ಮಗನ ಹೆಣಾನಾ? ಅದು ನಿನ್ನ ಧಣಿ ಕಾಡಲ್ಲಿ, ಮರದಡೀಲಿ ಅಪ್ಪಚ್ಚಿಯಾಗಿತ್ತಲ್ಲ, ಅಲ್ಲಿ ಹೋಗಿ ಕೆದಕು.”

“ಮುದುಕಿ, ನಿನಗಿನ್ನೂ ಸಾವು ಬಂದಿಲ್ವಾ?”

“ದಾರೀಲಿದೆ. ನಿನ್ನ ಮನೆ ಯಾವುದು ಅಂತ ಕೇಳ್ತಾ ಬರ್ತಿದೆ.”

ಅವನು ಬೂದಿಗೆ ಒಮ್ಮೆ ಒದ್ದು ಹೊರಗೆ ಹೋದ. ಅಟ್ಟಿಯಕ್ಕ ಬರಿಗೈಯಲ್ಲೇ ಕೆಂಡಗಳನ್ನು ಎತ್ತಿ ಒಲೆಗೆ ಹಾಕಿದಳು. ಅತ್ತೆಗೆ ಕೆಮ್ಮು ಶುರುವಾಗಿತ್ತು. ಒಮ್ಮೆ ಶುರುವಾದರೆ ಅದು ಹೊಟ್ಟೆಯ ಬುಡದಿಂದ ಏನನ್ನೋ ಕಿತ್ತು ತರುವವರೆಗೂ ನಿಲ್ಲುತ್ತಿರಲಿಲ್ಲ. ಹೊಗೆಯಲ್ಲೇ ಇಟ್ಟರೆ ಈ ಮುದುಕಿ ಚಳಿಗಾಲ ದಾಟುವುದಿಲ್ಲ ಎಂದು ಕಾಂಪೌಂಡರ್ ಹೇಳಿದ್ದ. ಒಣ ಕಾವು ಬೇಕು, ಒಣ ಕಾವು, ಎಂದು ಎರಡು ಸಲ ಹೇಳಿದ್ದ, ಅದು ಅವನ ಔಷಧಿಯ ಕಪಾಟಿನಲ್ಲಿದ್ದು ಇವರು ಮರೆತು ಬಂದ ಹಾಗೆ.

ಒಣಗಿದ್ದೆಲ್ಲ ಧಣಿಯದು. ಅದೇ ಈ ಕೂಲಿ ಲೈನಿನ ಕಟ್ಟಳೆ. ಸೌದೆ ಶೆಡ್ಡಿನ ಬೆನ್ನಿಗೆ ಒಂದಕ್ಕೊಂದು ಅಂಟಿಕೊಂಡ ತಗಡಿನ ಮಾಡಿನ ಕೋಣೆಗಳು; ಒಂದೊಂದರಲ್ಲೂ ಒಂದು ಒಲೆ, ಒಂದು ಹೊಗೆಕೊಳವೆ. ಗಂಡಸರು ಕಾಡಿನಲ್ಲಿ ಮರ ಉರುಳಿಸಿ, ತುಂಡು ಮಾಡಿ, ಸೀಳಬೇಕು. ಹೆಂಗಸರು ಸೀಳುಗಳನ್ನು ಶೆಡ್ಡಿಗೆ ಹೊತ್ತು ಅಟ್ಟಿ ಪೇರಿಸಬೇಕು. ಒಂದು ಬೇಸಿಗೆಯೆಲ್ಲ ಗಾಳಿ ಕುಡಿದು ಒಣಗಿದ ಸೌದೆ ಲಾರಿ ಹತ್ತಿ ಪಟ್ಟಣದ ಮನೆಗಳನ್ನು ಬೆಚ್ಚಗಿಡಲು ಹೋಗುತ್ತದೆ. ಲೈನಿನವರಿಗೆ ಉಳಿಯುವುದು ತೊಗಟೆ, ಸೊಪ್ಪು, ಹಸಿ ರೆಂಬೆ. ಹಸಿಯದಕ್ಕೆ ಹೊಗೆ ಹೆಚ್ಚು, ಕಾವು ಕಡಿಮೆ. ಕೊಳವೆಯಿಂದ ಉಣ್ಣೆಯ ಹಾಗೆ ದಪ್ಪಗೆ, ಬೆಳ್ಳಗೆ ಏಳುತ್ತದೆ. ಒಣ ಸೌದೆಯ ಹೊಗೆ ತೆಳ್ಳಗೆ, ಇದೆಯೋ ಇಲ್ಲವೋ ಅನ್ನುವಂತೆ. ಅದಕ್ಕೇ ಮೇಸ್ತ್ರಿ ದಿನಾ ಬೆಳಕು ಹರಿಯುವಾಗ ಕತ್ತು ಮೇಲೆತ್ತಿಕೊಂಡು ಲೈನಿನುದ್ದ ನಡೆಯುತ್ತಾನೆ. ತೆಳ್ಳನೆಯ ಹೊಗೆ ಕಂಡ ಮನೆಯ ಬಾಗಿಲಿಗೆ ಬೂಟು ಬೀಳುತ್ತದೆ. ಏನೂ ಕಾಣದ ದಿನವೂ ಯಾವುದೋ ಒಂದು ಬಾಗಿಲಿಗೆ ಬೀಳುತ್ತದೆ, ಕಾಲಿಗೆ ರೂಢಿ ತಪ್ಪಬಾರದಲ್ಲ. ಬೆನ್ನ ಹಿಂದೆ ಎಲ್ಲರೂ ಅವನನ್ನು ಹೊಗೆಮೂಗ ಅನ್ನುತ್ತಾರೆ.

ಗಂಡ ಹೋದ ಮೇಲೆ ಅಟ್ಟಿ ಪೇರಿಸುವುದರಲ್ಲಿ ಅವಳಷ್ಟು ಚುರುಕು ಇನ್ನೊಬ್ಬಳಿಲ್ಲವೆಂದು ಹೆಸರೇ ಅಟ್ಟಿಯಕ್ಕ ಎಂದಾಗಿತ್ತು. ಮುಂದೊಂದು ಗೋಡೆ, ಹಿಂದೊಂದು ಗೋಡೆ, ನಡುವೆ ಹೊಟ್ಟೆ. ಹೊಟ್ಟೆಗೆ ಸೀಳುಗಳನ್ನು ಒತ್ತೊತ್ತಿ ತುಂಬಿದರೆ ಅಟ್ಟಿ. ಅವಳು ಹೊಟ್ಟೆ ತುಂಬುವುದನ್ನು ನಿಲ್ಲಿಸಿದ್ದಳು. ಮುಂದಿನ ಗೋಡೆ ನೂಲು ಹಿಡಿದಂತೆ ನೆಟ್ಟಗೆ, ಒಳಗೆ ಒಬ್ಬಳು ಕೂರುವಷ್ಟು ಪೊಳ್ಳು. ಅಲ್ಲಿ ಹಳೇ ಅಟ್ಟಿಯ ಒಣ ಸೀಳುಗಳನ್ನು ಸಡಿಲವಾಗಿ ಇಟ್ಟು, ಸಂಜೆ ನೆಲ ಗುಡಿಸಿ ತೊಗಟೆ ತುಂಬಿಕೊಳ್ಳುವಾಗ ಒಂದನ್ನು ಬುಟ್ಟಿಯ ಅಡಿಗೆ ಸೇರಿಸುತ್ತಿದ್ದಳು. ಕತ್ತಲಾದ ಮೇಲೆ ಹೊಗೆ ಯಾರಿಗೂ ಕಾಣುವುದಿಲ್ಲ. ಬೆಳಗಾಗುವ ಮುಂಚೆ ಸೊಪ್ಪು ಹಾಕಿದರೆ ಹೊಗೆ ದಪ್ಪಗೆ ಏಳುತ್ತದೆ. ಅತ್ತೆ ಕೆಮ್ಮಿಲ್ಲದೆ ಒಂದು ನಿದ್ದೆ ಮಾಡುತ್ತಾಳೆ.

ಇದು ಅವಳನ್ನೂ ಅತ್ತೆಯನ್ನೂ ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ. ಹಾಗೆಂದು ಆ ದಿನದವರೆಗೆ ನಂಬಿದ್ದಳು.

ಆ ದಿನ ಸಂಜೆ ಅಟ್ಟಿಯ ಸಂದಿಗೆ ಕೈ ಹಾಕಿದಾಗ ಬೆರಳಿಗೆ ಸೌದೆ ಸಿಗಲಿಲ್ಲ. ಮೊಣಕೈವರೆಗೆ ತೂರಿಸಿದಳು. ಭುಜದವರೆಗೆ ತೂರಿಸಿದಳು. ತಾನು ಬಿಟ್ಟಿದ್ದಕ್ಕಿಂತ ಪೊಳ್ಳು ದೊಡ್ಡದಾಗಿತ್ತು. ಹಿಂದಿನ ಗೋಡೆಯ ಕಡೆಯಿಂದ ತಣ್ಣನೆಯ ಗಾಳಿ ಬಂದು ಅಂಗೈಗೆ ತಾಗಿತು. ಶೆಡ್ಡಿನ ಹಿಂಬದಿಯ ಹಲಗೆ ಯಾರೋ ಸಡಿಲ ಮಾಡಿದ್ದರು.

“ಏನತ್ತಿಗೆ, ಅಟ್ಟಿ ಜೊತೆ ಗುಟ್ಟು ಮಾತಾಡ್ತಿದ್ದೀಯಾ?”

ನಾದಿನಿ. ಗಂಡನ ಒಡಹುಟ್ಟಿದವಳು, ಪಕ್ಕದ ಕೋಣೆಯವಳು. ಸೊಂಟದ ಮೇಲೆ ಬುಟ್ಟಿ, ಬುಟ್ಟಿಯ ತುಂಬ ತೊಗಟೆ. ಅಟ್ಟಿಯಕ್ಕ ಕೈ ಹೊರಗೆಳೆದು ಸೆರಗಿಗೆ ಒರೆಸಿಕೊಂಡಳು.

“ಇಲಿ ಸೇರಿಕೊಂಡ ಹಾಗಿದೆ.”

“ಇರಬಹುದು. ಈ ವರ್ಷ ಇಲಿಗಳು ದಪ್ಪ.” ನಾದಿನಿ ನಕ್ಕಳು. “ಅಮ್ಮನ ಕೆಮ್ಮು ಕಡಿಮೆ ಆಗಿದೆಯಲ್ಲ? ಗೋಡೆ ಆಚೆ ಏನೂ ಕೇಳ್ತಿಲ್ಲ ರಾತ್ರಿ ಹೊತ್ತು.”

“ದೇವರು ದೊಡ್ಡವನು.”

“ಹೂಂ. ಅವನಿಗೂ ಚಳಿ ಆಗ್ತಿರಬೇಕು.”

ಆ ಮಾತಿನಲ್ಲಿ ಏನಿತ್ತು? ಅಟ್ಟಿಯಕ್ಕನ ಕಣ್ಣು ನಾದಿನಿಯ ಬುಟ್ಟಿಯ ಮೇಲೆಯೇ ಇತ್ತು. ತೊಗಟೆಯ ಬುಟ್ಟಿಗೆ ಸೊಂಟ ಅಷ್ಟು ಬಾಗುವುದಿಲ್ಲ. ನಾದಿನಿಯೂ ಇವಳ ಬುಟ್ಟಿಯನ್ನೇ ನೋಡುತ್ತಿದ್ದಳು. ಇಬ್ಬರೂ ನೀನು ಮೊದಲು, ನೀನು ಮೊದಲು ಎಂದು ನಿಂತರು. ಕೊನೆಗೆ ಇಬ್ಬರೂ ಒಟ್ಟಿಗೇ, ಒಬ್ಬರಿಗೊಬ್ಬರು ಬೆನ್ನು ಕೊಡದೆ, ಅಡ್ಡಡ್ಡ ನಡೆದು ಶೆಡ್ಡಿನಿಂದ ಹೊರಬಿದ್ದರು.

ಆ ವಾರವೇ ಒಂದು ಅಟ್ಟಿ ಬಿಚ್ಚಿ ಲಾರಿ ತುಂಬಿಸಿದರೆ ಲಾರಿ ತುಂಬಲಿಲ್ಲ. ತುಂಬಿದವರು ಲೈನಿನ ಗಂಡಸರೇ. ಅಟ್ಟಿಯ ಹೊಟ್ಟೆ ಅವರ ಕಣ್ಣಿಗೆ ಬಿದ್ದಿರಲೇಬೇಕು. ಒಬ್ಬನೂ ತುಟಿ ಬಿಚ್ಚಲಿಲ್ಲ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಈ ಗುಟ್ಟನ್ನು ಯಾರು ಯಾವ ಹೊತ್ತಿಗೆಂದು ಕಾದಿಟ್ಟುಕೊಂಡಿದ್ದಾರೋ?

ಧಣಿಯೇ ಬಂದ. ಜೀಪಿನಿಂದ ಇಳಿಯದೆ, ಬಾಗಿಲು ಮಾತ್ರ ತೆಗೆದು, ಮೊಣಕಾಲಿನ ಮೇಲೆ ಶಾಲು ಎಳೆದುಕೊಂಡು ಕೂತ. ಮೇಸ್ತ್ರಿ ನೀಲಿ ಬಣ್ಣದ ಡಬ್ಬ ಹಿಡಿದು ಪ್ರತಿ ಅಟ್ಟಿಯ ಮುಖಕ್ಕೂ ಮೂಲೆಯಿಂದ ಮೂಲೆಗೆ ಪಟ್ಟಿ ಎಳೆದ. ಒಂದು ಸೀಳು ಎಳೆದರೂ ಪಟ್ಟಿ ಮುರಿಯಬೇಕು.

“ನಾನು ಕೆಟ್ಟವನಲ್ಲ,” ಎಂದ ಧಣಿ. ಅವನ ದನಿ ಯಾವಾಗಲೂ ಮೆತ್ತಗೆ. “ಕಳ್ಳತನ ಮಾಡೋನು ಒಬ್ಬನೇ. ಅವನಿಂದ ನಿಮಗೆಲ್ಲ ಕೆಟ್ಟ ಹೆಸರು. ಯಾರು ಅಂತ ನನ್ನ ಕಿವೀಲಿ ಹೇಳಿದವರ ಮನೆ ಮುಂದೆ ಒಂದು ಗಾಡಿ ಒಣ ಸೌದೆ ಇಳಿಸ್ತೀನಿ. ಮೇಸ್ತ್ರಿ ಆ ಮನೆ ಹೊಗೆ ನೋಡಲ್ಲ. ಯಾರೂ ಹೇಳದೆ ಹೋದರೆ ಲೈನ್ ಖಾಲಿ ಮಾಡಿಸ್ತೀನಿ. ಚಳಿ ಎಷ್ಟಿದೆ ಅಂತ ನೀವೇ ನೋಡ್ತಿದ್ದೀರಲ್ಲ.”

ಜೀಪು ಹೋದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಒಂದು ಗಾಡಿ. ಅತ್ತೆಗೆ ಇಡೀ ಚಳಿಗಾಲ. ಅಟ್ಟಿಯಕ್ಕ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನೇ ಕಣ್ಣ ಮುಂದೆ ಇಳಿಸಿಕೊಂಡಳು, ಪೇರಿಸಿದಳು, ಮತ್ತೆ ಇಳಿಸಿದಳು.

“ಅವಳೇ,” ಎಂದಳು ಅತ್ತೆ ಕಂಬಳಿಯೊಳಗಿಂದ.

“ಯಾರು?”

“ನಿನ್ನ ಮನಸ್ಸಲ್ಲಿರೋಳೇ. ನನ್ನ ಹೊಟ್ಟೇಲಿ ಹುಟ್ಟಿದೋಳು, ನನಗೆ ಗೊತ್ತಿಲ್ವಾ? ಸಣ್ಣವಳಿದ್ದಾಗ್ಲೇ ಅಣ್ಣನ ಹಾಸಿಗೆ ಬೆಚ್ಚಗಾಗಲಿ ಅಂತ ಕಾಯ್ತಿದ್ದು, ಅವನನ್ನ ಉರುಳಿಸಿ ತಾನು ಮಲಗೋಳು.” ಮುದುಕಿ ಕೆಮ್ಮಿ, ಉಸಿರು ಹಿಡಿದು, ದನಿ ತಗ್ಗಿಸಿದಳು. “ಅವಳು ಹೋಗಿ ನಿನ್ನ ಹೆಸರು ಹೇಳೋ ಮುಂಚೆ ನೀನು ಹೇಳ್ತೀಯಾ?”

“ನಿಮ್ಮ ಮಗಳು ಅತ್ತೆ.”

“ಮಗಳೇ. ಅದಕ್ಕೇ ನಿನ್ನ ಕೇಳ್ತಿರೋದು. ನಾನಾದರೆ ಹೇಳಲ್ಲ.”

ಮುದುಕಿ ಗೋಡೆಯ ಕಡೆಗೆ ಹೊರಳಿದಳು. ಹೇಳು ಅಂದಳೋ, ಬೇಡ ಅಂದಳೋ, ಅಟ್ಟಿಯಕ್ಕನಿಗೆ ತಿಳಿಯಲಿಲ್ಲ. ಗೋಡೆಯ ಆಚೆ ನಾದಿನಿಯ ಕೋಣೆಯಲ್ಲೂ ಪಿಸುಮಾತಿರಲಿಲ್ಲ. ಅಲ್ಲಿ ಪಿಸುಮಾತು ಸಾಧ್ಯವೂ ಇರಲಿಲ್ಲ. ನಾದಿನಿಯ ಗಂಡ ಕೆಪ್ಪ. ಲೈನಿನಲ್ಲೇ ಒಳ್ಳೆಯ ಸೀಳುವವನು, ಕೊಡಲಿಯ ಏಟನ್ನು ಅಂಗಾಲಿನಿಂದ ಕೇಳುವವನು. ಅವನಿಗೆ ಒಂದು ಮಾತು ತಲುಪಬೇಕಾದರೆ ಅರ್ಧ ಲೈನಿಗೆ ಕೇಳುವಂತೆ ಕೂಗಬೇಕು. ಅದಕ್ಕೇ ಆ ಮನೆಯ ಗುಟ್ಟುಗಳು ಅವನನ್ನು ಬಿಟ್ಟು ಉಳಿದವರಿಗೆ ಮೊದಲು ತಿಳಿಯುತ್ತಿದ್ದವು.

ಬೆಳಿಗ್ಗೆ ಎದ್ದಾಗ ಹೊರಗೆ ಹಿಮ ಬಿದ್ದಿತ್ತು. ಅವಳು ಸೊಪ್ಪು ತುರುಕಿ, ತಲೆಗೆ ಸೆರಗು ಬಿಗಿದು, ಮೇಸ್ತ್ರಿಯ ಮನೆಯ ಕಡೆಗೆ ಹೊರಟಳು. ಏನು ಹೇಳಬೇಕೆಂದು ತೀರ್ಮಾನವಾಗಿರಲಿಲ್ಲ. ಅಲ್ಲಿ ಮುಟ್ಟುವಷ್ಟರಲ್ಲಿ ಬಾಯಿ ತಾನಾಗಿ ಹೇಳುತ್ತದೆ ಅಂದುಕೊಂಡಿದ್ದಳು. ಲೈನಿನ ತುದಿಗೆ ಬಂದು, ನಾದಿನಿ ತನಗಿಂತ ಮುಂಚೆ ಹೊರಟಿದ್ದಾಳೋ ಎಂದು ಹಿಂತಿರುಗಿ ನೋಡಿದಳು.

ಕೊಳವೆಗಳಿಂದೆಲ್ಲ ಉಣ್ಣೆಯಂಥ ದಪ್ಪ ಬಿಳಿ ಹೊಗೆ ಏಳುತ್ತಿತ್ತು. ಅದರ ಕೆಳಗೆ ಮಾಡುಗಳು. ರಸ್ತೆ, ಶೆಡ್ಡು, ಮೇಸ್ತ್ರಿಯ ಸೈಕಲ್ಲಿನ ಸೀಟು, ಎಲ್ಲದರ ಮೇಲೂ ಹಿಮ ಕೂತಿತ್ತು. ಲೈನಿನ ಮಾಡುಗಳ ಮೇಲೆ ಮಾತ್ರ ಪ್ರತಿ ಕೊಳವೆಯ ಸುತ್ತ ಹಿಮ ಕರಗಿ, ಒದ್ದೆ ತಗಡು ಕಪ್ಪಗೆ ಕಾಣುತ್ತಿತ್ತು. ಅವಳ ಮಾಡು. ನಾದಿನಿಯ ಮಾಡು. ಅದರಾಚೆಯದು. ಅದರಾಚೆಯದು. ಸದಾ ಇವಳನ್ನು ಕಂಡರೆ ಮುಖ ತಿರುಗಿಸುವ ಗರಗಸದವನ ಮಾಡು. ಮೇಸ್ತ್ರಿಗೆ ಚಾಡಿ ಹೇಳುವವಳೆಂದು ಎಲ್ಲರೂ ದೂರವಿಟ್ಟಿದ್ದ ಸೂಲಗಿತ್ತಿಯ ಮಾಡು. ಹಸಿ ಸೊಪ್ಪಿನ ಕಾವಿಗೆ ಹಿಮ ಹಾಗೆ ಕರಗುವುದಿಲ್ಲ.

ಅವಳು ಅಲ್ಲೇ ನಿಂತಳು. ಹೊಗೆಮೂಗನಿಗೆ ಹೊಗೆ ನೋಡುವುದು ಗೊತ್ತಿತ್ತು, ಅದರ ಕೆಳಗೆ ನೋಡುವುದು ಇನ್ನೂ ಹೊಳೆದಿರಲಿಲ್ಲ. ನಗು ಬಂತು. ನಗುವಿನ ಹಿಂದೆಯೇ ಒಂದು ಕೊಳವೆ ಕಣ್ಣಿಗೆ ಬಿತ್ತು. ನಾದಿನಿಯ ಮನೆಯದು. ಅದರ ಹೊಗೆ ನೋಡನೋಡುತ್ತ ಸಣ್ಣಗಾಗಿ, ನೂಲಾಗಿ, ಇಲ್ಲವೇ ಇಲ್ಲ ಅನ್ನುವಂತಾಯಿತು. ನಾದಿನಿ ನೀರಿಗೆ ಹೋಗಿರಬೇಕು. ಕೆಪ್ಪ ಎದ್ದು, ಆರುತ್ತಿದ್ದ ಒಲೆಯಿಂದ ಸೊಪ್ಪು ಎಳೆದು ಹಾಕಿ, ಸಿಕ್ಕಿದ ಒಣ ಸೀಳು ಹಚ್ಚಿರಬೇಕು. ಸೊಪ್ಪು ಯಾಕೆಂದು ಅವನಿಗೆ ಯಾರೂ ಕೂಗಿ ಹೇಳಿರಲಿಲ್ಲ.

ಮೇಸ್ತ್ರಿಯ ಕತ್ತು ಆಗಲೇ ಮೇಲೆದ್ದಿತ್ತು.

ಹೊತ್ತೇರುವಷ್ಟರಲ್ಲಿ ಧಣಿಯ ಜೀಪು ಬಂದಿತ್ತು, ಇಡೀ ಲೈನನ್ನು ಶೆಡ್ಡಿನ ಮುಂದೆ ನಿಲ್ಲಿಸಿದ್ದರು. ಕೆಪ್ಪನ ಅಂಗಿ, ಚಪ್ಪಲಿ ಬಿಚ್ಚಿಸಿ, ಹೆಗಲಿಗೆ ಒಂದು ಹಸಿ ದಿಮ್ಮಿ ಹೇರಿ ಹಿಮದಲ್ಲಿ ನಿಲ್ಲಿಸಿದ್ದರು. ಅವನ ಪಾದ ನೀಲಿಗಟ್ಟಿತ್ತು. ಮೇಸ್ತ್ರಿ ಬೈಯುತ್ತಿದ್ದರೆ ಕೆಪ್ಪ ಅವನ ಬಾಯನ್ನೇ ನೋಡುತ್ತ, ಅರ್ಥವಾದವನಂತೆ ತಲೆಯಾಡಿಸುತ್ತಿದ್ದ.

“ಬೋಳಿಮಗನೆ, ಒಪ್ಪಿಕೋ!”

ಕೆಪ್ಪ ತಲೆಯಾಡಿಸಿದ.

“ನೋಡಿ ಧಣಿ, ಒಪ್ಪಿಕೊಂಡ.”

“ಅವನಿಗೇನು ಕೇಳಿಸ್ತು ಅಂತ ಒಪ್ತಾನೆ, ಹಲ್ಕಾ ನನ್ನ ಮಗನೆ!” ನಾದಿನಿ ಮುನ್ನುಗ್ಗಿದಳು. ಮೇಸ್ತ್ರಿ ಸಲಾಕೆಯಿಂದ ಅವಳ ಎದೆಗೆ ತಿವಿದು ಹಿಂದಕ್ಕೆ ತಳ್ಳಿದ. ಅವಳು ಹಿಮದ ಮೇಲೆ ಕುಂಡೆಯೂರಿ ಕೂತಳು. ಕೂತಲ್ಲಿಂದಲೇ ತಲೆಯೆತ್ತಿ ಅತ್ತಿಗೆಯನ್ನು ನೋಡಿದಳು. ಆ ನೋಟದಲ್ಲಿ ಬೇಡಿಕೆಯಿತ್ತೋ, ಬೆದರಿಕೆಯಿತ್ತೋ.

ಧಣಿಯ ಕಣ್ಣು ಜನರ ಮೇಲೆ ಹರಿದು ಅಟ್ಟಿಯಕ್ಕನ ಮೇಲೆ ನಿಂತಿತು.

“ಪಟ್ಟಿ ಒಂದೂ ಮುರಿದಿಲ್ಲ. ಆದರೂ ಸೌದೆ ಹೋಗಿದೆ. ಅಟ್ಟಿ ಪೇರಿಸೋಳು ನೀನು. ನಿನಗೆ ಗೊತ್ತಿಲ್ದೆ ಇರುತ್ತಾ? ಇವನೇ ಅಂತ ಒಂದು ಮಾತು ಹೇಳು. ಸಂಜೆಗೆ ಗಾಡಿ ನಿನ್ನ ಬಾಗಿಲಲ್ಲಿರುತ್ತೆ. ನಿನ್ನ ಮುದುಕಿಗೆ ಕೆಮ್ಮಂತೆ.”

ಮುದುಕಿಯ ಕೆಮ್ಮು ಅವನಿಗೆ ಹೇಗೆ ಗೊತ್ತು? ಯಾರು ಹೇಳಿದರು? ಅವಳು ಒಂದೊಂದು ಮುಖವನ್ನೂ ನೋಡಿದಳು. ಗರಗಸದವನು ನೆಲ ನೋಡಿದ. ಸೂಲಗಿತ್ತಿ ನೆಲ ನೋಡಿದಳು. ಯಾರೋ ಹೇಳಿದ್ದರು, ಅವರಲ್ಲೇ ಒಬ್ಬರು. ನಿನ್ನೆಯಾಗಿದ್ದರೆ ಅದು ಯಾರೆಂದು ಹುಡುಕುತ್ತ ಅವಳ ರಾತ್ರಿ ಕಳೆಯುತ್ತಿತ್ತು.

“ಹೇಳ್ತೀನಿ,” ಎಂದಳು.

ನಾದಿನಿ ಕಣ್ಣು ಮುಚ್ಚಿದಳು.

ಅಟ್ಟಿಯಕ್ಕ ಶೆಡ್ಡಿನೊಳಗೆ ಹೋಗಿ ನಡುವಿನ ಅಟ್ಟಿಯ ಮುಂದೆ ಕೂತಳು. ಯಾವ ಸೀಳು ಯಾವುದನ್ನು ಹೊತ್ತಿದೆಯೆಂದು ಅವಳ ಕೈಗೆ ಗೊತ್ತಿತ್ತು. ಬುಡದ ಒಂದು ಗಂಟು ಸೀಳಿಗೆ ಎರಡೂ ಕೈ ಹಾಕಿ, ಕಾಲನ್ನು ನೆಲಕ್ಕೆ ಒತ್ತಿಹಿಡಿದು ಎಳೆದು, ಪಕ್ಕಕ್ಕೆ ಉರುಳಿಕೊಂಡಳು. ನೀಲಿ ಪಟ್ಟಿ ನಡುವಿನಲ್ಲಿ ಬಾಗಿತು. ಆಮೇಲೆ ಇಡೀ ಗೋಡೆ ಹೊಟ್ಟೆ ಮುಂದೆ ಮಾಡಿ ದಡದಡನೆ ಕುಸಿಯಿತು. ಧಣಿ ಜೀಪಿನೊಳಗೆ ಕಾಲೆಳೆದುಕೊಂಡ. ಕೆಪ್ಪನಿಗೆ ಅಂಗಾಲಿನಲ್ಲಿ ಆ ಸದ್ದು ಕೇಳಿಸಿತು, ತಿರುಗಿ ನೋಡಿದ.

ಧೂಳು ಇಳಿದಾಗ ಎದುರಿಗೆ ಸೌದೆ ಇರಲಿಲ್ಲ. ಪೊಳ್ಳು ಇತ್ತು. ಪೊಳ್ಳಿನ ಆಚೆ ಹಿಂದಿನ ಗೋಡೆ ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯಂತಿತ್ತು. ಅದರಾಚೆ ಹಲಗೆಗಳು ಸರಿದ ಸಂದಿಗಳಿಂದ ಬೆಳಕು ಬರುತ್ತಿತ್ತು. ಒಂದು ಸಂದಿಯಲ್ಲ, ಉದ್ದಕ್ಕೂ, ಪ್ರತಿ ಮನೆಯ ಹಿಂಬಾಗಿಲಿಗೆ ಎದುರಾಗಿ ಒಂದೊಂದು.

“ಯಾರು?” ಧಣಿಯ ದನಿ ಮೊದಲ ಸಲ ಮೆತ್ತಗಿರಲಿಲ್ಲ. “ಯಾರು ಅಂತ ಕೇಳಿದೆ!”

“ಪೊಳ್ಳು ಕಟ್ಟಿದೋಳು ನಾನು. ಉಳಿದಿದ್ದನ್ನ ಲೈನಿನ ಮಾಡುಗಳ ಮೇಲಿನ ಹಿಮ ನೋಡಿ ತಿಳ್ಕೊಳ್ಳಿ.”

ನಾದಿನಿ ಎದ್ದಳು. ಗಂಡನ ಹೆಗಲಿನ ದಿಮ್ಮಿಯನ್ನು ತಳ್ಳಿದಳು. ಅದು ಮೇಸ್ತ್ರಿಯ ಬೂಟಿನ ಪಕ್ಕ ಧೊಪ್ಪನೆ ಬಿತ್ತು. ಆಮೇಲೆ ಕುಸಿದ ರಾಶಿಯಿಂದ ತೋಳ ತುಂಬ ಒಣ ಸೀಳು ಬಾಚಿಕೊಂಡು, ತೊಗಟೆಯ ಮರೆಯಿಲ್ಲದೆ, ಅಟ್ಟಿಯ ಪೊಳ್ಳಿನೊಳಗಿನಿಂದಲೇ ಮನೆಗೆ ನಡೆದಳು. ಹಿಂದೆ ಗರಗಸದವನು ಬಗ್ಗಿದ. ಸೂಲಗಿತ್ತಿ ಬಗ್ಗಿದಳು.

“ನಾಳೆ ಪೊಲೀಸರನ್ನ ಕರಕೊಂಡು ಬರ್ತೀನಿ. ಒಬ್ಬೊಬ್ಬರದೂ ಮೂಳೆ ಮುರಿಸ್ತೀನಿ,” ಎಂದು ಧಣಿ ಕೂಗಿದ್ದು ಜೀಪು ತಿರುಗುವ ಸದ್ದಿನಲ್ಲಿ ಅರ್ಧ ಕೇಳಿಸಿತು.

ಮನೆಗೆ ಬಂದು ಅಟ್ಟಿಯಕ್ಕ ಸೊಪ್ಪಿನ ಬುಟ್ಟಿಯನ್ನು ಎತ್ತಿ ಬಾಗಿಲಾಚೆ ಎಸೆದಳು. ಒಲೆಗೆ ಒಣ ಸೀಳು ಇಟ್ಟಳು. ಅತ್ತೆ ಕಂಬಳಿ ಸರಿಸಿ ಕೈ ಚಾಚಿದಳು.

“ಹೇಳಿದೆಯಾ?”

“ಹೇಳಿದೆ.”

“ಯಾರ ಹೆಸರು?”

ಅವಳು ಇನ್ನೊಂದು ಸೀಳು ಒಲೆಗೆ ದೂಡಿ ಬಾಗಿಲಾಚೆ ನೋಡಿದಳು. ಹಗಲು ಹೊತ್ತಿನಲ್ಲೇ ಲೈನಿನ ಕೊಳವೆಗಳೆಲ್ಲ ತೆಳ್ಳಗೆ ಹೊಗೆಯಾಡುತ್ತಿದ್ದವು. ಬೀದಿಯಲ್ಲಿ ಮೇಸ್ತ್ರಿ ಸಲಾಕೆ ಹಿಡಿದು, ಕತ್ತು ಮೇಲೆತ್ತಿ, ಯಾವ ಬಾಗಿಲಿಗೆ ಒದೆಯಬೇಕೆಂದು ತಿಳಿಯದೆ ನಿಂತಿದ್ದ. ಪಕ್ಕದ ಹೊಸ್ತಿಲ ಮೇಲೆ ಕೆಪ್ಪ ಕಾಲಿಗೆ ಗೋಣಿ ಸುತ್ತಿಕೊಂಡು ಕೂತು ಕೊಡಲಿ ಮಸೆಯುತ್ತಿದ್ದ. ಆ ಸದ್ದು ಅವನೊಬ್ಬನನ್ನು ಬಿಟ್ಟು ಉಳಿದ ಎಲ್ಲರಿಗೂ ಕೇಳಿಸುತ್ತಿತ್ತು.