ಗೂಳಪ್ಪನ ಹಿಮ್ಮಡಿ, ಸಾಧಿಕನ ಕನ್ನಡಿ

ತಿರ್ಲಾಪುರದ ಗೂಳಪ್ಪ ಹತ್ತಿ ಹೇರಿದ ಟ್ರೇಲರಿನ ಮೇಲಿಂದ ಬಿದ್ದು ಎಂಟು ತಿಂಗಳಾಗಿತ್ತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಚಲನೆಯೂ ಇಲ್ಲ, ಸ್ಪರ್ಶವೂ ಇಲ್ಲ. ಆಸ್ಪತ್ರೆಯಿಂದ ತಂದ ಗಾಲಿಕುರ್ಚಿಯ ಮೇಲೆ ಜೋಳದ ಚೀಲ ಕೂತಿತ್ತು. ಗೂಳಪ್ಪ ಹೊರಸಿನ ಮೇಲೆ ಮಲಗಿರುತ್ತಿದ್ದ.

ಕಿಟಕಿಯಾಚೆ ಸಾಧಿಕನ ಸೈಕಲ್ ರಿಪೇರಿ ಅಂಗಡಿ. ಸಾಧಿಕನಿಗೂ ಆರು ವರ್ಷಗಳ ಹಿಂದೆ ಇಂಥದೇ ಪೆಟ್ಟಾಗಿತ್ತು. ಅವನು ಗಾಲಿಕುರ್ಚಿಯಲ್ಲೇ ಕೂತು ಪಂಕ್ಚರ್ ತಿದ್ದುತ್ತಿದ್ದ, ಬಂದವರನ್ನು ನಗಿಸುತ್ತಿದ್ದ. ಆ ನಗು ಕೇಳಿದಾಗಲೆಲ್ಲ ಗೂಳಪ್ಪ ಕಿಟಕಿ ಮುಚ್ಚಿಸುತ್ತಿದ್ದ. ಹತ್ತು ನಿಮಿಷಕ್ಕೆ ಮತ್ತೆ ತೆಗೆಸುತ್ತಿದ್ದ.

"ಅವಗ ಯಾವುದೋ ಔಷಧ ಗೊತ್ತೈತಿ, ನಮಗ ಹೇಳವಲ್ಲ," ಎಂದ ಹೆಂಡತಿ ದುರ್ಗವ್ವನಿಗೆ. "ಉಸುಕಿನ ಗಂಟು ಇನ್ನಷ್ಟು ಕಾಸಿ ಇಡು. ಅವನಕಿಂತ ಮೊದಲ ನಾ ಎದ್ದ ನಿಲ್ಲಬೇಕು."

ಮೈಕೈ ನೋವಿಗೆ ಊರಲ್ಲಿ ಎಲ್ಲರೂ ಬಿಸಿ ಉಸುಕಿನ ಕಾವು ಕೊಡುತ್ತಾರೆ. ದುರ್ಗವ್ವ ಗಂಟನ್ನು ಗಂಡನ ಹಿಮ್ಮಡಿಗೆ ಒತ್ತಿಟ್ಟು ರೊಟ್ಟಿ ಬಡಿಯಲು ಹೋದಳು. ಬಂದು ನೋಡಿದರೆ ಚರ್ಮ ಸುಟ್ಟು ಲಿಂಬಿಹಣ್ಣಿನಷ್ಟು ಬೊಕ್ಕೆ. ಗೂಳಪ್ಪನಿಗೆ ಏನೂ ಗೊತ್ತಾಗಿರಲಿಲ್ಲ.

ಅವಳು ಓಡಿಹೋಗಿ ಸಾಧಿಕನನ್ನು ಕರೆತಂದಳು.

"ತಣ್ಣೀರು ಹಾಕ್ರಿ ವೈನಿ, ಬೊಕ್ಕಿ ಒಡೀಬ್ಯಾಡ್ರಿ. ಈಗ ದವಾಖಾನಿಗೆ ಹೋಗೂಣು," ಎಂದ ಸಾಧಿಕ.

"ನೋಡಾಕ ಬಂದ್ಯಾ? ನೋಡು, ನಕ್ಕೋಂತ ನೋಡು," ಎಂದ ಗೂಳಪ್ಪ.

ಸಾಧಿಕ ತನ್ನ ಕಾಲಿನ ಸಾಕ್ಸ್ ಇಳಿಸಿದ. ಹಿಮ್ಮಡಿಯ ಮೇಲೆ ಅಂಗೈಯಗಲ ಹಳೆಯ ಗಾಯದ ಕಲೆ.

"ನಂಗೂ ಹಿಂಗ ಕಾವು ಕೊಟ್ಟಿದ್ರಲೇ. ಗಾಯ ಮಾಯೂತನಕ ಐದು ತಿಂಗಳ ಅಂಗಡಿ ಮುಚ್ಚಿತ್ತು." ಕುರ್ಚಿಯ ಚೀಲದಿಂದ ಗಡ್ಡ ಹೆರೆಯಲು ಬಳಸುವ ಸಣ್ಣ ಕನ್ನಡಿ ತೆಗೆದ. "ನನ್ನ ಔಷಧ ಇದ ನೋಡು. ಮುಂಜಾನಿ, ಸಂಜಿ ಕುಂಡಿ, ಹಿಮ್ಮಡಿ ನೋಡ್ಕೋತೀನಿ. ಕೆಂಪಾಗಿದ್ರ ಆ ಬಾಜು ಭಾರ ಹಾಕೂದಿಲ್ಲ, ಹಾಕಿದ್ರ ಹುಣ್ಣಾಗ್ತೈತಿ. ಕೂತಾಗ ಹದಿನೈದು ನಿಮಿಷಕ್ಕೊಮ್ಮಿ ಕೈಯೂರಿ ಮೈ ಎತ್ತತೀನಿ."

"ಅದರಿಂದ ಕಾಲು ಬರ್ತಾವೇನು?"

"ನನ್ನವು ಬಂದಿಲ್ಲ. ಅಂಗಡಿಗೆ ಮಾತ್ರ ದಿನಾ ಬರ್ತೀನಿ."

ಗೂಳಪ್ಪ ಕೈ ಚಾಚಿ ಕನ್ನಡಿ ಇಸಿದುಕೊಂಡ.

ದವಾಖಾನೆಯ ಉಪಚಾರದಿಂದ ಆರು ವಾರಕ್ಕೆ ಗಾಯ ಮಾಯಿತು. ಜೋಳದ ಚೀಲ ಕುರ್ಚಿಯಿಂದ ಇಳಿಯಿತು. ಈಗ ಗೂಳಪ್ಪ ಬಾಗಿಲ ಮುಂದೆ ಕುರ್ಚಿಯಲ್ಲಿ ಕೂತು ಅಂಗಡಿಯತ್ತಲೇ ನೋಡುತ್ತಾನೆ. ಸಾಧಿಕ ಒಮ್ಮೆ ಮೈ ಎತ್ತಿದರೆ ಇವನು ಎರಡು ಸಲ ಎತ್ತುತ್ತಾನೆ.

"ಹೊಟ್ಟಿಕಿಚ್ಚು ಇನ್ನೂ ಹೋಗಿಲ್ರಿ," ಎಂದಳು ದುರ್ಗವ್ವ.

"ಇರಲಿ ಬಿಡ್ರಿ ವೈನಿ," ಎಂದ ಸಾಧಿಕ, "ಅದ ಅವನ ಕುಂಡಿ ಕಾಯಾಕತ್ತೈತಿ."

ನಿಮ್ಮ ಮನೆಯಲ್ಲೂ ಬೆನ್ನುಹುರಿಗೆ ಪೆಟ್ಟಾದವರು ಇದ್ದಾರೆಯೇ? ಸ್ಪರ್ಶವಿಲ್ಲದ ಅಂಗಕ್ಕೆ ಕಾವು ಕೊಡಬೇಡಿ. ಮಲಗಿದವರ ಮಗ್ಗುಲನ್ನು ಎರಡು ತಾಸಿಗೊಮ್ಮೆ ಬದಲಿಸಿ. ಗಾಲಿಕುರ್ಚಿಯ ಮೇಲೆ ಚೀಲವಿದ್ದರೆ ಇಂದೇ ಇಳಿಸಿ, ಅವರ ಕೈಗೊಂದು ಕನ್ನಡಿ ಕೊಡಿ.