ಎರಡು ಹೋಳಿನ ಕೋಲಾ ಕಾಯಿ

ಚೀಫ್ ಒನ್ವುದಿವೆಗೆ ನನ್ನನ್ನು ಕಂಡರೆ ಆಗುವುದಿಲ್ಲ. ನನಗೂ ಅವನನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊನೆಗೆ ಇಬ್ಬರೂ ಕೈ ಕುಲುಕಿ ನಗುತ್ತಾರೆ ಎಂದು ಯಾರೂ ಕಾಯುತ್ತಾ ಕೂರುವುದು ಬೇಡ.

ಲೇಗೋಸಿನಲ್ಲಿ ಸಭೆ ಸಮಾವೇಶ ನಡೆಸಿಕೊಡುವುದು ನನ್ನ ಕಸುಬು. ಸಭಾಂಗಣ ಗೊತ್ತುಮಾಡುವುದರಿಂದ ಹಿಡಿದು ಕೊನೆಯ ಅತಿಥಿಯನ್ನು ವಿಮಾನ ಹತ್ತಿಸುವವರೆಗೆ ಎಲ್ಲವೂ ನನ್ನ ತಲೆಯ ಮೇಲೆ. ಸುರುಲೆರೆಯಲ್ಲಿ ಪುಟ್ಟ ಕಚೇರಿ ಇದೆ, ನಾಲ್ಕು ಜನ ಕೆಲಸದವರಿದ್ದಾರೆ. ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ನಮ್ಮ ಇಗ್ಬೊ ಜನದ ವ್ಯಾಪಾರಿ ಸಂಘಗಳದ್ದು. ಅವರಲ್ಲಿ ಒಂದು ಸಂಘದವರು ನನ್ನನ್ನು ಹೊರಗೆ ಹಾಕಿದರೆ ಸಾಕು, ಸಂಜೆಯೊಳಗೆ ಮಿಕ್ಕವರಿಗೂ ಸುದ್ದಿ ಮುಟ್ಟುತ್ತದೆ. ಆಮೇಲೆ ನಾನು ಮದುವೆ ಮನೆಗಳಿಗೆ ಕುರ್ಚಿ ಬಾಡಿಗೆಗೆ ಕೊಟ್ಟುಕೊಂಡು ಬದುಕಬೇಕಾಗುತ್ತದೆ.

ಒನ್ವುದಿವೆ ಮೋಟಾರು ಬಿಡಿಭಾಗ ವ್ಯಾಪಾರಿಗಳ ಸಂಘದ ಕಾರ್ಯದರ್ಶಿ. ಹೋದ ವರ್ಷ ಸಂಘದ ಸಭೆಯಲ್ಲಿ ವೇದಿಕೆಯ ಮೇಲೆ ಜಾಗ ಸಾಲದೆ ಅವನ ಕುರ್ಚಿ ಕೆಳಗೆ ಎರಡನೇ ಸಾಲಿಗೆ ಬಂತು. ಹಾಗೆ ಹಾಕು ಎಂದವರು ಸಂಘದ ಅಧ್ಯಕ್ಷರು. ಆದರೆ ಅಧ್ಯಕ್ಷರ ಮೇಲೆ ಸಿಟ್ಟು ತೀರಿಸಿಕೊಳ್ಳಲು ಅವನಿಗೆ ಧೈರ್ಯ ಎಲ್ಲಿಂದ ಬರಬೇಕು? ಅವತ್ತಿನಿಂದ ನಾನೇ ಅವನ ಶತ್ರು.

ಇದರ ಜೊತೆಗೆ ಇನ್ನೊಂದು ಪೀಡೆ ಇತ್ತು. ನಮ್ಮೂರು ಅಡಾಜಿ ಅವನ ತಾಯಿಯ ತವರು. ಮಗಳ ಮಗ ಎಂದರೆ ನಮ್ಮಲ್ಲಿ ತಾಯಿಯ ತವರಿನಲ್ಲಿ ರಾಜನ ಹಾಗೆ. ಅಂಗಳದ ಕೋಳಿ ಹಿಡಿದುಕೊಂಡು ಹೋದರೂ ಯಾರೂ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಬಿಟ್ಟವರಿಗೇ ದಂಡ. ಅವನು ಈ ಹಕ್ಕನ್ನು ಲೇಗೋಸಿನವರೆಗೂ ಹೊತ್ತು ತಂದಿದ್ದ. ನನ್ನ ಕಚೇರಿಗೆ ಬಂದರೆ ಮೇಜಿನ ಮೇಲಿನ ನನ್ನ ಊಟದ ಡಬ್ಬಿಯನ್ನು ತಾನೇ ತೆರೆದು, ಮೊಯಿಮೊಯಿ ಎಂಬ ಅಲಸಂದೆ ಕಡುಬನ್ನು ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಏನಮ್ಮಾ, ಮಾವನ ಮನೆಯವಳೇ, ಇವತ್ತು ಉಪ್ಪು ಕಮ್ಮಿ ಆಗಿದೆಯಲ್ಲ?"

"ನಿಮಗೆ ಅಂತ ಮಾಡಿದ್ದಲ್ಲ, ಚೀಫ್."

"ನಾನು ನಿಮ್ಮೂರ ಮಗಳ ಮಗ ಕಣಮ್ಮ. ನಿಮ್ಮನೇಲಿ ಇರೋದೆಲ್ಲಾ ನಂಗೆ ಅಂತಲೇ ಮಾಡಿದ್ದು!"

ಈ ವರ್ಷ ಚೀನಾದಿಂದ ಕಾರ್ಖಾನೆ ಮಾಲೀಕರು ಬರುವವರಿದ್ದರು. ಬ್ರೇಕು, ಬೇರಿಂಗು, ಶಾಕ್ ಅಬ್ಸಾರ್ಬರು ನೇರವಾಗಿ ಅವರಿಂದಲೇ ತರಿಸುವ ಒಪ್ಪಂದಕ್ಕೆ ಇಕೇಜಾದ ಹೋಟೆಲಿನಲ್ಲಿ ಸಹಿ ಆಗಬೇಕಿತ್ತು. ಅದೇ ಸಂಜೆ ಅವರಿಗೆ ವಾಪಸು ವಿಮಾನ. ವ್ಯವಸ್ಥೆ ನನಗೇ ಕೊಡಿ ಎಂದು ಅಧ್ಯಕ್ಷರು ಹೇಳಿದಾಗ ಒನ್ವುದಿವೆ ತುಂಬಿದ ಸಮಿತಿಯಲ್ಲಿ ಎದ್ದು ನಿಂತ.

"ಆಗ್ಲಿ, ಕೊಡಿ. ಆದ್ರೆ ಒಂದು ಮಾತು. ಅವತ್ತು ಒಂದು ಚಮಚ ಕೆಳಗೆ ಬಿದ್ರೂ ಈ ಹೆಂಗಸು ಇನ್ನು ನಮ್ಮ ಬಾಗಿಲು ತುಳಿಯೋ ಹಾಗಿಲ್ಲ. ಒಪ್ಪಿಗೇನಾ?"

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ, ಬೇರೆ ದಾರಿ ಇರಲಿಲ್ಲ.

ಸಭೆಯ ಅಗ್ರಸ್ಥಾನಕ್ಕೆ ನ್ರಿ ಊರಿನ ಹಿರಿಯರಾದ, ಇಚಿಯೆ ಬಿರುದಿನ ಅನಗೋರ್ ಅವರನ್ನು ಕರೆಸಬೇಕೆಂದು ಹಟ ಹಿಡಿದವನೂ ಅವನೇ. ಆಚಾರ ವಿಚಾರದಲ್ಲಿ ಕೂದಲೆಳೆಯಷ್ಟೂ ಬಿಟ್ಟುಕೊಡದ ಮನುಷ್ಯ ಅವರು. ಅಡಿಕೆಯ ಹಾಗೆ ಅಗಿಯುವ ಕಹಿ ಕೋಲಾ ಕಾಯಿಯನ್ನು ಹಿರಿಯರೊಬ್ಬರು ಎತ್ತಿ ಹರಸಿ ಒಡೆಸದೆ ನಮ್ಮ ಯಾವ ಸಭೆಯಲ್ಲೂ ಮಾತು ಶುರುವಾಗುವುದಿಲ್ಲ. ಚೀನಾದವರೇ ಬರಲಿ, ಚಂದ್ರಲೋಕದವರೇ ಬರಲಿ, ಕೋಲಾ ಮೊದಲು.

"ಕೋಲಾ ಎಲ್ಲಿಂದ ತರಿಸ್ತೀರಿ, ಚೀಫ್?" ಎಂದು ಕೇಳಿದೆ.

"ನಿಂಗ್ಯಾಕೆ?"

"ಸುಮ್ನೆ ಕೇಳ್ದೆ. ಯಾವ ಕಾಯಿ ಅಂತ."

"ನಂಗೇ ಕೋಲಾ ಪಾಠ ಮಾಡೋಕೆ ಬಂದ್ಯಾ? ಕುರ್ಚಿ ಹಾಕ್ಸು, ಹೂವು ಇಡ್ಸು, ಅನ್ನ ಬಡಿಸು. ಕೋಲಾ ಗಂಡಸ್ರ ಕೆಲ್ಸ. ಹೆಂಗಸ್ರು ಅದನ್ನ ಮುಟ್ಟೋ ಹಾಗಿಲ್ಲ, ಅದರ ಬಗ್ಗೆ ಮಾತೂ ಆಡೋ ಹಾಗಿಲ್ಲ. ತಿಳೀತಾ?"

ತಿಳಿಯಿತು. ಬಾಯಿ ಮುಚ್ಚಿಕೊಂಡೆ. ಆದರೆ ನಮ್ಮ ಕಸುಬಿನಲ್ಲಿ ಪ್ರತಿಯೊಂದಕ್ಕೂ ಜೋಡಿ ಇರಬೇಕು. ಒಂದು ಜನರೇಟರು ಕೈಕೊಟ್ಟರೆ ಇನ್ನೊಂದು ಬೇಕು, ಒಂದು ಮೈಕು ಸತ್ತರೆ ಇನ್ನೊಂದು ಬೇಕು. ಸಭೆಯ ಹಿಂದಿನ ದಿನ ಒಯಿಂಗ್ಬೊ ಮಾರುಕಟ್ಟೆಗೆ ಹೋಗಿ, ನಮ್ಮ ಕಡೆಯ ಮುದುಕಿಯ ಹತ್ತಿರ ಅಪ್ಪಟ ಇಗ್ಬೊ ಕೋಲಾ ಕೊಂಡು, ಎಲೆಯಲ್ಲಿ ಸುತ್ತಿ ಕೈಚೀಲದ ತಳಕ್ಕೆ ಹಾಕಿಕೊಂಡೆ.

ಸಭೆಯ ದಿನ ಬೆಳಿಗ್ಗೆ ಇಕೊರೊಡು ರಸ್ತೆಯ ವಾಹನಗಳನ್ನೆಲ್ಲ ಶಪಿಸುತ್ತಾ ಹೋಟೆಲು ಸೇರಿದಾಗ ಮೈಕು ನೋಡಿಕೊಳ್ಳುವ ನನ್ನ ಬೋಲಾಜಿ ಆಗಲೇ ತಂತಿ ಎಳೆಯುತ್ತಿದ್ದ. ವೇದಿಕೆಯ ಪಕ್ಕದ ಕೋಣೆಯಲ್ಲಿ ಒನ್ವುದಿವೆ ತಂದಿಟ್ಟ ಕೆತ್ತನೆಯ ಮರದ ತಟ್ಟೆ ಇತ್ತು. ಮೇಲೆ ಮುಚ್ಚಿದ್ದ ಬಟ್ಟೆ ಸರಿಸಿ ನೋಡಿದೆ.

ದೊಡ್ಡ ದೊಡ್ಡ ಕಾಯಿಗಳು, ದಪ್ಪಗೆ, ನುಣ್ಣಗೆ, ಹೊಳೆಯುತ್ತಾ ಕೂತಿದ್ದವು. ಚೀನಾದವರ ಮುಂದೆ ಗತ್ತು ತೋರಿಸಲು ಆರಿಸಿ ತಂದದ್ದು ಎಂದು ನೋಡಿದೊಡನೆ ಗೊತ್ತಾಗುತ್ತಿತ್ತು. ಆದರೆ ಎಲ್ಲವೂ ಎರಡೇ ಹೋಳಿನವು. ಅಗೇಗೆಯಲ್ಲಿ ಉತ್ತರದ ಹೌಸಾ ವ್ಯಾಪಾರಿಗಳ ಹತ್ತಿರ ಸಿಗುವ ಕಾಯಿ ಅದು. ಲಾರಿ ಚಾಲಕರು ರಾತ್ರಿ ನಿದ್ದೆ ಬರದಿರಲೆಂದು ಅಗಿಯುತ್ತಾರೆ. ಅಗಿಯಲು ಬಲು ಚೆನ್ನ, ಆದರೆ ಹಿರಿಯರ ಮುಂದೆ ಇಟ್ಟು ಹರಸಲು ಬರುವುದಿಲ್ಲ. ಹರಸುವ ಕಾಯಿಗೆ ಮೂರಾದರೂ ಹೋಳು ಇರಲೇಬೇಕು. ಲೇಗೋಸಿನಲ್ಲೇ ಹುಟ್ಟಿ ಬೆಳೆದ ಒನ್ವುದಿವೆ ಕಾಯಿಯ ಗಾತ್ರ ನೋಡಿದ್ದ, ಹೋಳಿನ ಗೆರೆ ಎಣಿಸಿರಲಿಲ್ಲ.

ಹಿಂದಿನಿಂದ ಬೋಲಾಜಿ ಇಣುಕಿದ. ಅವನು ಯೊರುಬಾ ಹುಡುಗನಾದರೂ ನಮ್ಮ ಸಭೆಗಳಲ್ಲೇ ಪಳಗಿದವನು.

"ಮೇಡಂ, ಇದು ನಡಿಯಲ್ಲ ಅಲ್ವಾ? ಚೀಫ್‌ಗೆ ಹೇಳಿಬಿಡಿ."

"ಹೆಂಗಸ್ರು ಕೋಲಾ ಬಗ್ಗೆ ಮಾತಾಡೋ ಹಾಗಿಲ್ವಂತೆ ಕಣೋ," ಎಂದು ಬಟ್ಟೆ ಮುಚ್ಚಿದೆ.

ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ತುಂಬಿದ ಸಭೆಯಲ್ಲಿ ಅವನ ಮುಖ ಕಪ್ಪಿಡುವುದನ್ನು ನೋಡಬೇಕಿತ್ತು. ಅವನು ಬೆವರಲಿ, ಆಮೇಲೆ ನನ್ನ ಚೀಲ ಇದ್ದೇ ಇದೆ ಎಂದುಕೊಂಡೆ.

ಸಭಾಂಗಣ ತುಂಬಿತು. ಕೆಂಪು ಟೋಪಿಯ ಹಿರಿಯರು, ಸೂಟಿನ ವ್ಯಾಪಾರಿಗಳು, ಮುಂದಿನ ಸಾಲಿನಲ್ಲಿ ಚೀನಾದ ಲಿಯಾಂಗ್ ಮತ್ತು ಅವರ ಕಡೆಯವರು. ಒನ್ವುದಿವೆ ಈ ಸಲ ವೇದಿಕೆಯ ಮೇಲೆ ನಡುವಿನ ಕುರ್ಚಿಗೇ ಅಂಟಿಕೊಂಡಿದ್ದ. ತಟ್ಟೆಯನ್ನು ಮಾತ್ರ ತಾನು ಹೊರಲಿಲ್ಲ, ಅದು ದೊಡ್ಡವರ ಕೆಲಸವಲ್ಲ ಎಂದುಕೊಂಡನೋ ಏನೋ. ಹೋಟೆಲಿನ ಆಳು ತಂದು ಇಚಿಯೆ ಅವರ ಮುಂದಿಟ್ಟು ಹೋದ.

ಮುದುಕರು ಒಂದು ಕಾಯಿ ಎತ್ತಿಕೊಂಡರು. ಉಗುರಿನಿಂದ ಗೆರೆ ಹುಡುಕಿದರು. ಇನ್ನೊಂದು ಎತ್ತಿದರು, ಮತ್ತೊಂದು ಎತ್ತಿದರು. ಆಮೇಲೆ ಎಲ್ಲವನ್ನೂ ತಟ್ಟೆಗೆ ಹಾಕಿ, ಬೆರಳಿನಿಂದ ತಟ್ಟೆಯನ್ನು ದೂರ ತಳ್ಳಿದರು.

"ಇದನ್ನ ಹಿಡ್ಕೊಂಡು ನಾನು ದೇವರ ಹತ್ರ ಏನು ಮಾತಾಡ್ಲಿ? ಯಾರು ತಂದದ್ದು ಇದು?"

ಒನ್ವುದಿವೆಯ ಕುತ್ತಿಗೆಯ ನರ ಕುಣಿಯಿತು. ನಾನು ಗೋಡೆಗೊರಗಿ ಆನಂದವಾಗಿ ನೋಡುತ್ತಿದ್ದೆ. ಆಗ ಅವನು ಎದ್ದ, ಕೈ ಚಾಚಿ ನೇರ ನನ್ನ ಕಡೆಗೆ ಬೆರಳು ಮಾಡಿದ.

"ವ್ಯವಸ್ಥೆ ಎಲ್ಲಾ ಆ ಹೆಂಗಸಿಂದು, ಇಚಿಯೆ. ಅವಳನ್ನೇ ಕೇಳಿ. ನಾನು ಮೊದ್ಲೇ ಅಂದಿದ್ದೆ, ಇವಳ ಕೈಗೆ ಕೊಡ್ಬೇಡಿ ಅಂತ. ಸಮಿತಿಯವ್ರೇ ಸಾಕ್ಷಿ!"

ಇದನ್ನು ನಾನು ಲೆಕ್ಕ ಹಾಕಿರಲಿಲ್ಲ. ಅವನು ಬೀಳುತ್ತಾನೆ ಎಂದು ಗೊತ್ತಿತ್ತು, ಬೀಳುವಾಗ ನನ್ನ ಸೆರಗು ಹಿಡಿದು ಎಳೆಯುತ್ತಾನೆ ಎಂದು ಹೊಳೆದಿರಲಿಲ್ಲ. ಸಭೆಯ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ಅಧ್ಯಕ್ಷರು ಕಣ್ಣು ಕೆಳಗೆ ಹಾಕಿದರು. ಅಷ್ಟು ಸಾಕಾಗಿತ್ತು, ನನ್ನ ಕಸುಬು ಮುಗಿದ ಹಾಗೆಯೇ.

ಗುಜುಗುಜು ಎದ್ದಿತು. ಲಿಯಾಂಗ್ ಗಡಿಯಾರ ನೋಡಿಕೊಂಡರು. ದುಭಾಷಿ ಅವರ ಕಿವಿಯಲ್ಲಿ ಏನೋ ಹೇಳಿದ, ತಿಂಡಿ ಸರಿಯಿಲ್ಲವಂತೆ ಎಂದಿರಬೇಕು. ಇಚಿಯೆ ಕೋಲಿಗೆ ಕೈ ಹಾಕಿ ಏಳಲು ನೋಡುತ್ತಿದ್ದರು. ಒನ್ವುದಿವೆ ದಡದಡನೆ ಕೆಳಗಿಳಿದು ನನ್ನ ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ.

"ನಿನ್ನ ಚೀಲದಲ್ಲಿ ಇರತ್ತೆ ಅಂತ ನಂಗೊತ್ತು. ಎಲ್ಲದಕ್ಕೂ ಜೋಡಿ ಇಟ್ಕೊಳ್ಳೋಳು ನೀನು. ಕೊಡು ಇಲ್ಲಿ."

"ಹೆಂಗಸ್ರು ಮುಟ್ಟಿದ್ದು ನಿಮಗೆ ಆಗತ್ತಾ, ಚೀಫ್?"

"ಬಾಯಿ ಮುಚ್ಕೊಂಡು ಕೊಡು!"

"ಮೊದ್ಲಿಂದು ನೀವೇ ತಂದಿದ್ದು ಅಂತ ಅಲ್ಲಿ ನಿಂತು ಹೇಳಿ. ಕೊಡ್ತೀನಿ."

"ಸಭೆ ಹಾಳಾಗಿ ಹೋದ್ರೂ ಹೇಳಲ್ಲ. ಏನ್ ಮಾಡ್ಕೋತೀಯೋ ಮಾಡ್ಕೋ."

ಅವನು ಹೇಳುವುದಿಲ್ಲ ಎಂದು ನನಗೂ ಗೊತ್ತಿತ್ತು. ಅವನ ಭುಜಕ್ಕೆ ಭುಜ ತಾಗಿಸಿಯೇ ದಾಟಿ ವೇದಿಕೆಯ ಕಡೆ ನಡೆದೆ. ಹೋಗುತ್ತಾ ಬೋಲಾಜಿಗೆ ಹುಬ್ಬು ಹಾರಿಸಿದೆ. ಮೇಜಿನ ಮೈಕನ್ನು ಆರಿಸಬೇಡ ಎಂಬುದು ಅದರ ಅರ್ಥ, ಅವನಿಗೆ ತಿಳಿಯಿತು. ಚೀಲದಿಂದ ಎಲೆಯ ಪೊಟ್ಟಣ ತೆಗೆದು, ಖಾಲಿ ತಟ್ಟೆಯೊಂದರಲ್ಲಿ ಬಿಚ್ಚಿಟ್ಟು, ಮುದುಕರ ಮುಂದೆ ಮೊಣಕಾಲೂರಿದೆ.

"ಏ, ಹೆಂಗಸು!" ಎಂದು ಯಾರೋ ಹಿಂದಿನಿಂದ ಕೂಗಿದರು.

ಇಚಿಯೆ ಕೈಯೆತ್ತಿ ಸುಮ್ಮನಿರಿಸಿದರು. "ಯಾರ ಮಗಳಮ್ಮ ನೀನು?"

"ಅಡಾಜಿಯ ಒಫೀಲಿಯವರ ಮಗಳು. ಒಬಿಯಗೇಲಿ."

"ಈ ಕಾಯಿ ನಿಂದಾ?"

"ಇದು ನಂದು. ಅದು ನಂದಲ್ಲ."

ಅವರು ಬಗ್ಗಿ ನೋಡಿದರು. ಗೆರೆಗಳು ಅವರಿಗೂ ಕಂಡವು. "ಕಾಯಿ ಸರಿಯಾಗಿದೆ. ಆದ್ರೆ ಹೆಣ್ಣುಮಗಳ ಕೈಯಿಂದ ನಾನು ತಗೊಳ್ಳೋ ಹಾಗಿಲ್ವಲ್ಲ. ನಿಮ್ಮೂರ ಗಂಡಸ್ರು ಯಾರಾದ್ರೂ ಇದ್ದಾರಾ ಇಲ್ಲಿ? ಎದ್ದು ಹಿಡೀಲಿ."

ಯಾರೂ ಏಳಲಿಲ್ಲ. ನಮ್ಮೂರವರದ್ದು ಬಟ್ಟೆ ವ್ಯಾಪಾರ, ಬಿಡಿಭಾಗದ ಸಂಘದಲ್ಲಿ ಅವರಿಗೇನು ಕೆಲಸ? ನಾನು ನಿಧಾನವಾಗಿ ಹಿಂದಕ್ಕೆ ತಿರುಗಿದೆ.

"ನಮ್ಮೂರ ಮಗಳ ಮಗ ಒಬ್ರಿದ್ದಾರೆ, ಇಚಿಯೆ. ಅದನ್ನ ದಿನಾ ನೆನಪು ಮಾಡಿ ನನ್ನ ಮೊಯಿಮೊಯಿ ತಿಂದು ಹೋಗ್ತಾರೆ. ಚೀಫ್ ಒನ್ವುದಿವೆ ಅಂತ."

ಸಭೆಯೆಲ್ಲ ಗೊಳ್ಳೆಂದಿತು. ಒನ್ವುದಿವೆ ಗೋಡೆಯ ಹತ್ತಿರ, ಸ್ವಲ್ಪ ಹೊತ್ತಿನ ಮುಂಚೆ ನಾನು ನಿಂತಿದ್ದ ಜಾಗದಲ್ಲೇ ನಿಂತಿದ್ದ.

"ಹೌದೇನಯ್ಯ?" ಎಂದರು ಇಚಿಯೆ. "ನಿಮ್ಮಮ್ಮ ಅಡಾಜಿಯವರಾ?"

"ಹೌದು, ಇಚಿಯೆ. ಆದ್ರೆ..."

"ಆದ್ರೆ ಗೀದ್ರೆ ಏನಿಲ್ಲ. ತಾಯಿ ತವರಿನ ಕೋಳಿ ಹಿಡ್ಕೊಂಡು ಹೋಗೋಕೆ ಬರತ್ತೆ ಅಂದ್ಮೇಲೆ ತಾಯಿ ತವರಿನ ತಟ್ಟೆ ಹೊರೋಕೂ ಬರ್ಬೇಕು. ಬಾ ಇಲ್ಲಿ."

ಬಂದ. ನನ್ನ ಕೈಯಿಂದ ತಟ್ಟೆ ತೆಗೆದುಕೊಳ್ಳುವಾಗ ಅವನ ಕಣ್ಣಿನಲ್ಲಿದ್ದ ವಿಷ ನೋಡಿ ನನಗೆ ಹೊಟ್ಟೆ ತಣ್ಣಗಾಯಿತು.

"ಯಾರ ಕೋಲಾ ಅಂತ ಹೇಳಿ ಕೊಡು. ಪದ್ಧತಿ ಗೊತ್ತಲ್ಲ."

"ಒಬಿಯಗೇಲಿ..."

"ಕೇಳಿಸ್ಲಿಲ್ಲ."

"ಅಡಾಜಿಯ ಒಫೀಲಿಯವರ ಮಗಳು ಒಬಿಯಗೇಲಿ ತಂದಿರೋ ಕೋಲಾ!" ಮೈಕಿನಲ್ಲಿ ಅದು ಕೊನೆಯ ಸಾಲಿನವರೆಗೂ ಮೊಳಗಿತು.

"ತಟ್ಟೆ ಕೈಯಲ್ಲೇ ಇರ್ಲಿ. ಕೋಲಾ ಹಿಡ್ಕೊಂಡು ಯಾರೂ ಸುಳ್ಳು ಹೇಳಲ್ಲ. ಮೊದ್ಲಿನ ತಟ್ಟೆ ಯಾರದು?"

ಅವನು ಅಧ್ಯಕ್ಷರನ್ನು ನೋಡಿದ, ಹಿರಿಯರನ್ನು ನೋಡಿದ, ಕೊನೆಗೆ ತಟ್ಟೆಯನ್ನು ನೋಡಿದ. "ನಂದೇ."

ನನಗೆ ಕೇಕೆ ಹಾಕಿ ಕುಣಿಯಬೇಕೆನ್ನಿಸಿತು. ಏಳಲು ಹೊರಟೆ. ಮುದುಕರು ಕೋಲಿನ ತುದಿಯಿಂದ ನನ್ನನ್ನು ತಡೆದರು.

"ನೀನು ಇರು. ಮೊದ್ಲಿನ ತಟ್ಟೆ ಬೆಳಿಗ್ಗೆ ನೀನು ನೋಡಿದ್ದೆ ತಾನೆ?"

"ನೋಡಿದ್ದೆ."

"ಯಾವ ಕಾಯಿ ಅಂತ ಗೊತ್ತಾಯ್ತಾ?"

"ಗೊತ್ತಾಯ್ತು."

"ಒಳ್ಳೇ ಕಾಯಿ ಚೀಲದಲ್ಲಿಟ್ಕೊಂಡು ಗೋಡೆಗೆ ಒರಗಿ ನಿಂತಿದ್ದೆ. ನಾನು ಎಲ್ಲರ ಮುಂದೆ ಕೆಟ್ಟ ಕಾಯಿ ಎತ್ಕೋತೀನಿ ಅಂತ ಗೊತ್ತಿದ್ದೂ. ಅವನು ತಿಳೀದೆ ತಂದ. ನೀನು ತಿಳಿದೂ ಬಿಟ್ಟೆ."

ಈ ಮಾತೂ ಮೈಕಿನಲ್ಲಿ ಕೊನೆಯ ಸಾಲಿನವರೆಗೆ ಹೋಯಿತು. ಆರಿಸಬೇಡ ಎಂದವಳು ನಾನೇ ಅಲ್ಲವೆ? ಬೋಲಾಜಿಯ ಕಡೆ ನೋಡಿದೆ. ಪಾಪ, ಅವನು ತಂತಿಯನ್ನು ನೋಡುತ್ತಾ ಕೂತಿದ್ದ. ಹೇಳಲು ಉತ್ತರ ಇರಲಿಲ್ಲವೆಂದಲ್ಲ, ಇತ್ತು. ಆದರೆ ಹೆಂಗಸರು ಮಾತಾಡುವಂತಿಲ್ಲ ಎಂದು ಒನ್ವುದಿವೆ ಹೇಳಿದ ಮಾತು ಬೆಳಿಗ್ಗೆ ಎಷ್ಟು ಚಂದದ ನೆಪವಾಗಿತ್ತೋ ಈಗ ಅಷ್ಟೇ ಪುಕ್ಕಲಾಗಿ ಕಂಡಿತು.

ಇಚಿಯೆ ಕಾಯಿ ಎತ್ತಿ ಹರಸಿದರು, ನಮ್ಮ ಭಾಷೆಯಲ್ಲೇ, ಉದ್ದಕ್ಕೆ. ಕೋಲಾ ಒಡೆದು ಹಂಚಿದರು. ತಟ್ಟೆ ಗಂಡಸರ ಸಾಲುಗಳನ್ನೆಲ್ಲ ಸುತ್ತಿ ಚೀನಾದವರ ಕೈಗೂ ಹೋಯಿತು. ಲಿಯಾಂಗ್ ಕಹಿಗೆ ಮುಖ ಕಿವುಚಿಕೊಂಡು ನುಂಗಿದರು. ನನ್ನ ಮುಂದೆ ಹಾದು ಹೋದಾಗ ಅದು ನಿಲ್ಲಲಿಲ್ಲ, ನಿಲ್ಲುವ ಪದ್ಧತಿ ಇಲ್ಲ. ಒಂದು ಇಡೀ ಕಾಯಿಯನ್ನು ಮುದುಕರು ಜೇಬಿಗೆ ಹಾಕಿಕೊಂಡರು.

"ಊರಿಗೆ ಹೋದ್ಮೇಲೆ ಇದು ಯಾರು ಕೊಟ್ಟದ್ದು ಅಂತ ಮನೇಲಿ ಕೇಳ್ತಾರೆ," ಎಂದರು ನನಗೆ. "ನಿನ್ನ ಹೆಸರೇ ಹೇಳ್ತೀನಿ. ಮಿಕ್ಕಿದ್ದನ್ನೂ ಹೇಳ್ತೀನಿ."

ಒಪ್ಪಂದಕ್ಕೆ ಸಹಿ ಬಿತ್ತು. ಚೀನಾದವರು ಹೊತ್ತಿಗೆ ಸರಿಯಾಗಿ ಹೊರಟರು. ಅಧ್ಯಕ್ಷರು ಬಾಗಿಲಲ್ಲಿ ನಿಂತು, "ಮುಂದಿನ ವರ್ಷಾನೂ ನೀನೇ ಮಾಡು," ಎಂದರು. ನಕ್ಕು ಹೇಳಲಿಲ್ಲ. ಹೋದ ವರ್ಷ ನಕ್ಕಿದ್ದರು.

ಎಲ್ಲರೂ ಹೋದ ಮೇಲೆ ಖಾಲಿ ಮೇಜೊಂದರಲ್ಲಿ ಊಟಕ್ಕೆ ಕೂತೆ. ಜೊಲಾಫ್ ಅನ್ನ, ಒಂದು ಮೊಯಿಮೊಯಿ. ಒನ್ವುದಿವೆ ಎಲ್ಲಿಂದಲೋ ಬಂದು ಎದುರಿಗೆ ನಿಂತ.

"ಇಬ್ರೂ ಬಿದ್ವಲ್ಲ, ಮಾವನ ಮನೆಯವಳೇ."

"ಮೊದ್ಲು ಬಿದ್ದೋರು ನೀವು."

ಅವನು ಹಲ್ಲು ಬಿಟ್ಟು, ಎಂದಿನ ಹಾಗೆ ನನ್ನ ಮೊಯಿಮೊಯಿಗೆ ಕೈ ಚಾಚಿದ. ನಾನು ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ಅವನ ಕೈ ಮೇಜಿನ ಮೇಲೇ ನಿಂತಿತು. ಅಡಾಜಿಯಲ್ಲಿ ಇದು ಗೊತ್ತಾದರೆ ನನಗೆ ದಂಡ ಹಾಕುತ್ತಾರೆ. ಹಾಕಲಿ.